ಬ್ಯಾಟರಿ ಕಾರಿನ ವಿಮೆ: ಮಗಳಿಗೊಂದು ಪತ್ರ

ಮಗಳೇ,

ಷೋರೂಮಿನವರು ಕಳಿಸಿದ ಕೊಟೇಶನ್ ನೋಡಿದೆ. ವಿಮೆಯ ಸಾಲಿನಲ್ಲಿ ಒಂದೇ ಒಂದು ಮೊತ್ತ ಬರೆದು, ಪಕ್ಕದಲ್ಲಿ 'ಬಂಪರ್ ಟು ಬಂಪರ್' ಅಂತ ಹಾಕಿ ಕೈತೊಳೆದುಕೊಂಡಿದ್ದಾರೆ. ಅದನ್ನು ಬಿಡಿಸಿ ಬರೆದುಕೊಡಲು ಹೇಳು. ಐಡಿವಿ (ವಿಮೆಯವರು ಕಾರಿಗೆ ಕಟ್ಟುವ ಬೆಲೆ) ಎಷ್ಟು, ಓನ್ ಡ್ಯಾಮೇಜ್ (ನಮ್ಮ ಕಾರಿನ ನಷ್ಟಕ್ಕೆ) ಎಷ್ಟು, ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟಕ್ಕೆ) ಎಷ್ಟು, ಒಂದೊಂದು ಆ್ಯಡ್-ಆನ್‌ಗೆ (ಹೆಚ್ಚುವರಿ ಕವರ್‌ಗೆ) ಎಷ್ಟೆಷ್ಟು, ಜಿಎಸ್‌ಟಿ ಎಷ್ಟು, ಎಲ್ಲ ಬೇರೆ ಬೇರೆ ಇರಬೇಕು. ವಿಮೆ ನಮ್ಮಲ್ಲೇ ಮಾಡಿಸಿದರೆ ಮಾತ್ರ ಡೆಲಿವರಿ ಅನ್ನುವ ಹಕ್ಕು ಷೋರೂಮಿಗೆ ಇಲ್ಲ. ಅವರಲ್ಲೇ ಮಾಡಿಸಬಾರದು ಅಂತಲೂ ನಾನು ಹೇಳುತ್ತಿಲ್ಲ. ಇನ್ನೆರಡು ಕಡೆ ಕೊಟೇಶನ್ ತೆಗೆದು, ಐಡಿವಿ, ಆ್ಯಡ್-ಆನ್, ಡಿಡಕ್ಟಿಬಲ್ (ಪ್ರತಿ ಕ್ಲೇಮ್‌ನಲ್ಲೂ ನಾವೇ ಭರಿಸುವ ಮೊತ್ತ) ಮೂರೂ ಒಂದೇ ಇಟ್ಟು ಹೋಲಿಸು. ಐಡಿವಿ ಒಂದು ಲಕ್ಷ ಇಳಿಸಿ 'ನಮ್ಮದು ಅಗ್ಗ' ಅನ್ನುವುದು ಹಳೇ ಆಟ.

ನೀನು ಕೇಳಿದ ಮೊದಲ ಪ್ರಶ್ನೆ: ಬ್ಯಾಟರಿ 40 ಅಂತ ಇದ್ದರೂ ಥರ್ಡ್ ಪಾರ್ಟಿಗೆ 65ಕ್ಕಿಂತ ಮೇಲಿನ ದರ ಯಾಕೆ? ಬ್ಯಾಟರಿಯ ಲೆಕ್ಕ ಕಿಲೋವ್ಯಾಟ್-ಅವರ್. ಥರ್ಡ್ ಪಾರ್ಟಿ ದರಕ್ಕೆ ನೋಡುವುದು ಮೋಟಾರಿನ ಶಕ್ತಿ, ಅಂದರೆ ಬರೀ ಕಿಲೋವ್ಯಾಟ್. ಇವೆರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವವರು ಸೇಲ್ಸ್‌ನವರಲ್ಲೂ ಇದ್ದಾರೆ. 2024ರಲ್ಲಿ ಬಂದ ಪಂಚ್ ಇವಿಯನ್ನೇ ನೋಡು: 25 ಕಿಲೋವ್ಯಾಟ್-ಅವರ್ ಬ್ಯಾಟರಿಯದಕ್ಕೆ 60 ಕಿಲೋವ್ಯಾಟ್ ಮೋಟಾರು, 35ರ ಬ್ಯಾಟರಿಯದಕ್ಕೆ 90. ಹೆಸರು ಒಂದೇ, ವಿಮೆಯಲ್ಲಿ ವರ್ಗ ಬೇರೆ. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ ಹೊಸ ಎಲೆಕ್ಟ್ರಿಕ್ ಕಾರಿನ ಮೂರು ವರ್ಷದ ಥರ್ಡ್ ಪಾರ್ಟಿ ಕಂತು 30 ಕಿಲೋವ್ಯಾಟ್‌ವರೆಗೆ 5,543 ರೂಪಾಯಿ, 30ರಿಂದ 65ರವರೆಗೆ 9,044, ಅದಕ್ಕೂ ಮೇಲೆ 20,907. ಪೆಟ್ರೋಲ್ ಕಾರಿನ ದರಕ್ಕಿಂತ ಇದು 15% ಕಡಿಮೆ. ಈ ಭಾಗ ಸರ್ಕಾರ ಗೊತ್ತುಮಾಡಿದ್ದು, ಯಾವ ಕಂಪನಿಗೆ ಹೋದರೂ ಅಷ್ಟೇ. ಇದರಲ್ಲಿ 'ಡಿಸ್ಕೌಂಟ್ ಕೊಡ್ತೀವಿ ಮೇಡಂ' ಅಂದರೆ ನಂಬಬೇಡ. ಚೌಕಾಸಿಗೆ ಜಾಗ ಇರುವುದು ಓನ್ ಡ್ಯಾಮೇಜ್‌ನಲ್ಲಿ ಮತ್ತು ಆ್ಯಡ್-ಆನ್‌ಗಳಲ್ಲಿ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಓನ್ ಡ್ಯಾಮೇಜ್ ಮಾತ್ರ ಒಂದು ವರ್ಷಕ್ಕೆ ಸಾಕು, ನೀನೂ ಅಷ್ಟೇ ಮಾಡಿಸು. ಕಂಪನಿ ಸರಿಯಿಲ್ಲ ಅನಿಸಿದರೆ ಮುಂದಿನ ವರ್ಷ ಬದಲಾಯಿಸಬಹುದು. ಆದರೆ ಎರಡರ ಮುಗಿಯುವ ತಾರೀಖು ಬೇರೆ ಬೇರೆ ಇರುತ್ತದೆ. ಪಾಲಿಸಿಯ ಮೇಲೆ ದೊಡ್ಡದಾಗಿ ಕಾಣುವ ಮೂರು ವರ್ಷದ ತಾರೀಖು ನೋಡಿ ಓನ್ ಡ್ಯಾಮೇಜ್ ರಿನ್ಯೂವಲ್ ಮರೆತವರು ತುಂಬಾ ಜನ. ಮಡಿಕೇರಿ ಆರ್‌ಟಿಒ ನೋಂದಣಿ, ಅಂದರೆ ಕೆಎ-12 ಆದರೆ ವಿಮೆಯ ಲೆಕ್ಕದಲ್ಲಿ ಬಿ ವಲಯ. ಕರ್ನಾಟಕದಲ್ಲಿ ಎ ವಲಯಕ್ಕೆ ಸೇರುವುದು ಬೆಂಗಳೂರೊಂದೇ. ವಲಯದ ಮೇಲೆ ಕಂತು ಬದಲಾಗುತ್ತದೆ, ಹಾಗಾಗಿ ಕೊಟೇಶನ್‌ನಲ್ಲಿ ಬೆಂಗಳೂರಿನ ವಿಳಾಸ ಹಾಕಿದ್ದಾರೋ ನೋಡು.

ಈಗ ಬ್ಯಾಟರಿಗೆ ಬರೋಣ. ಕಾರಿನ ಬೆಲೆಯ ಮೂರನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ಸೀಟಿನ ಕೆಳಗಿರುವ ಆ ಒಂದು ಪೆಟ್ಟಿಗೆಯಲ್ಲೇ ಇದೆ. ಸಾದಾ ಪಾಲಿಸಿಯ ಸವಕಳಿ ನಿಯಮವನ್ನು ಪೆಟ್ರೋಲ್ ಕಾರಿನ ಕಾಲದಲ್ಲಿ ಬರೆದದ್ದು: ರಬ್ಬರು, ಪ್ಲಾಸ್ಟಿಕ್, ಟಯರು, ಏರ್‌ಬ್ಯಾಗು, ಬ್ಯಾಟರಿ ಇವಕ್ಕೆಲ್ಲ 50% ಕಡಿತ. ಆಗ ಬ್ಯಾಟರಿ ಅಂದರೆ ಐದಾರು ಸಾವಿರದ ಮಾತು. ಈಗ ಅದೇ ಸಾಲು ನಿನ್ನ ಕಾರಿನ ಲಕ್ಷಗಟ್ಟಲೆಯ ಪ್ಯಾಕ್‌ಗೂ ತಗಲುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ. ಎಕ್ಸ್-ಷೋರೂಮ್ 14 ಲಕ್ಷ ಅಂದುಕೋ. ಹೊಸ ಕಾರಿಗೆ 5% ಕಳೆದು ಐಡಿವಿ 13,30,000. ಬ್ಯಾಟರಿ ಪ್ಯಾಕ್ ಐದೂವರೆ ಲಕ್ಷ ಅಂತಿಟ್ಟುಕೊಂಡರೆ, ಅದು ಒಡೆದು ಬದಲಾಯಿಸಬೇಕಾದಾಗ ಸಾದಾ ಪಾಲಿಸಿಯವರು ಕೊಡುವುದು ಎರಡು ಮುಕ್ಕಾಲು ಲಕ್ಷ, ಉಳಿದ ಎರಡು ಮುಕ್ಕಾಲು ನಿನ್ನ ಕೈಯಿಂದ. ಹಾಗಾಗಿ ಈ ಸವಕಳಿ ಕಡಿತ ತಪ್ಪಿಸುವ ಝೀರೋ ಡೆಪ್ ಆ್ಯಡ್-ಆನ್ ಬೇಕೇ ಬೇಕು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಬಾಯಲ್ಲಲ್ಲ, ಇಮೇಲ್‌ನಲ್ಲಿ ಕೇಳು: 'ಝೀರೋ ಡೆಪ್‌ನಲ್ಲಿ ಕಾರು ಓಡಿಸುವ ಹೈ ವೋಲ್ಟೇಜ್ ಬ್ಯಾಟರಿ ಪ್ಯಾಕ್ ಪೂರ್ತಿ ಸೇರಿದೆಯೇ, ವರ್ಷಕ್ಕೆ ಎಷ್ಟು ಕ್ಲೇಮ್?' ಕೆಲವರು ವರ್ಷಕ್ಕೆ ಎರಡೇ ಕ್ಲೇಮ್ ಅಂತ ಮಿತಿ ಇಟ್ಟಿರುತ್ತಾರೆ. ಉತ್ತರ ಬರಹದಲ್ಲಿ ಬಂದರೆ ಅದನ್ನು ಪಾಲಿಸಿ ಜೊತೆಗೇ ಇಟ್ಟುಕೋ.

ಇನ್ನೂ ಒಂದು ಸೂಕ್ಷ್ಮ ಇದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಾರನ್ನು 'ಟೋಟಲ್ ಲಾಸ್' ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮೊದಲ ವರ್ಷ ಆ ಗೆರೆ 9,97,500ರಲ್ಲಿದೆ. ಮೂರು ವರ್ಷ ದಾಟಿದ ಮೇಲೆ ಎಕ್ಸ್-ಷೋರೂಮ್ ಬೆಲೆಯಲ್ಲಿ 40% ಕಳೆದು ಐಡಿವಿ 8,40,000. ಗೆರೆ 6,30,000ಕ್ಕೆ ಇಳಿಯಿತು. ಬ್ಯಾಟರಿ ಐದೂವರೆ ಲಕ್ಷ, ಜೊತೆಗೆ ಒಂದು ಲಕ್ಷದ ಬಾಡಿ ಕೆಲಸ ಬಂದರೆ ಕಾರು ಗುಜರಿಗೆ. ಪೆಟ್ರೋಲ್ ಕಾರಾಗಿದ್ದರೆ ರಿಪೇರಿಯಾಗಿ ಓಡುತ್ತಿದ್ದ ಪೆಟ್ಟು ಇಲ್ಲಿ ಕಾರನ್ನೇ ಮುಗಿಸುತ್ತದೆ. ಅದಕ್ಕೇ ಕಂಪನಿ ಕೊಡುವಷ್ಟು ವರ್ಷವೂ 'ರಿಟರ್ನ್ ಟು ಇನ್‌ವಾಯ್ಸ್' ಹಾಕಿಸು. ಟೋಟಲ್ ಲಾಸ್ ಅಥವಾ ಕಳವಾದಾಗ ಐಡಿವಿ ಬದಲು ಬಿಲ್ಲಿನ ಬೆಲೆ ಸಿಗುತ್ತದೆ. ರಸ್ತೆ ತೆರಿಗೆ, ನೋಂದಣಿ ಖರ್ಚು ಸೇರಿದೆಯೇ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸಾಲ ಇದ್ದಾಗ ಈ ಕವರ್ ಬಿಡಬಾರದು, ಯಾಕೆಂದರೆ ದುಡ್ಡು ಮೊದಲು ಹೋಗುವುದು ಬ್ಯಾಂಕಿಗೆ.

'ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆಯಲ್ಲ' ಅಂತ ಸೇಲ್ಸ್‌ನವರು ಹೇಳಿರುತ್ತಾರೆ. ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಕಲ್ಲು ತಾಗಿದ್ದಕ್ಕೆ, ನೀರು ನುಗ್ಗಿದ್ದಕ್ಕೆ ಅಲ್ಲ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಮಾಡಿದ ಪರೀಕ್ಷೆ. ಹರಿಯುವ ಹೊಳೆ ದಾಟಲು ಕೊಟ್ಟ ಪರ್ಮಿಟ್ ಅಲ್ಲ. ಇತ್ತ ವಿಮೆಯವರು ಬ್ಯಾಟರಿ ಕಾಲಕ್ರಮೇಣ ಸೊರಗಿ ರೇಂಜ್ ಕಡಿಮೆಯಾದದ್ದಕ್ಕೆ ಏನೂ ಕೊಡುವುದಿಲ್ಲ. ವಾರಂಟಿಗೂ ವಿಮೆಗೂ ನಡುವೆ ಒಂದು ಸಂದು ಉಳಿಯುತ್ತದೆ: ನೀರು ಹೊಕ್ಕು ಆಮೇಲೆ ಶಾರ್ಟ್ ಸರ್ಕ್ಯೂಟ್ ಆದದ್ದು. ಪ್ರವಾಹ ಪಾಲಿಸಿಯಲ್ಲಿದೆ, ಆದರೆ 'ನಂತರದ ಪರಿಣಾಮದ ನಷ್ಟ' ಮತ್ತು 'ಎಲೆಕ್ಟ್ರಿಕಲ್ ಬ್ರೇಕ್‌ಡೌನ್' ಹೊರಗಿದೆ. ನಷ್ಟ ಅಳೆಯಲು ಬರುವ ಸರ್ವೇಯರ್ ಈ ಎರಡರ ನಡುವೆ ಕೂದಲು ಸೀಳುತ್ತಾನೆ. ಬ್ಯಾಟರಿ-ಮೋಟಾರ್ ಪ್ರೊಟೆಕ್ಟ್ ಅನ್ನುವ ಆ್ಯಡ್-ಆನ್ ಆ ಸಂದು ಮುಚ್ಚುವುದಕ್ಕೆ. ಷೋರೂಮಿನ ಪಟ್ಟಿಯಲ್ಲಿ 'ಇಂಜಿನ್ ಪ್ರೊಟೆಕ್ಟ್' ಅಂತ ಇದ್ದರೆ ಅದು ಪೆಟ್ರೋಲ್ ಕಾರಿನ ಪ್ಯಾಕೇಜ್. ಇಂಜಿನ್ನೇ ಇಲ್ಲದ ಕಾರಿಗೆ ಅದಕ್ಕೆ ದುಡ್ಡು ಕೊಡಬೇಡ.

ನಮ್ಮ ಕಡೆಯ ಅಪಾಯಗಳಿಗೆ ಸಾದಾ ಓನ್ ಡ್ಯಾಮೇಜ್ ಪಾಲಿಸಿಯ ಪಟ್ಟಿ ಪರವಾಗಿಲ್ಲ. ಬೆಂಕಿ, ತನ್ನಷ್ಟಕ್ಕೆ ಹೊತ್ತಿಕೊಳ್ಳುವುದು, ಸಿಡಿಲು, ಪ್ರವಾಹ, ಬಿರುಗಾಳಿ, ಭೂಕುಸಿತ, ಬಂಡೆ ಉರುಳುವುದು ಎಲ್ಲ ಹೆಸರಿಸಿಯೇ ಬರೆದಿದೆ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ನಿನಗೆ ನೆನಪಿದೆ. ಅಂಥದ್ದರಲ್ಲಿ ಬರೀ ಥರ್ಡ್ ಪಾರ್ಟಿ ಇದ್ದ ಗಾಡಿಗೆ ಒಂದು ರೂಪಾಯಿಯೂ ಇಲ್ಲ. ಸಿಲ್ವರ್ ಓಕಿನ ಕೊಂಬೆ ಬಿದ್ದದ್ದು, ಸಿದ್ದಾಪುರ, ತಿತಿಮತಿ ಕಡೆ ಆನೆ ನುಗ್ಗಿದ್ದು 'ಹೊರಗಿನಿಂದಾದ ಆಕಸ್ಮಿಕ' ಅನ್ನುವ ಸಾಲಿಗೆ ಬರುತ್ತದೆ. ಇಲಿ ಕಡಿದದ್ದು ಮಾತ್ರ ಮೊದಲೇ ಕೇಳಬೇಕಾದ ವಿಷಯ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಒಂದಕ್ಕೆ ಹಲ್ಲು ತಾಗಿದರೂ ಟೇಪ್ ಸುತ್ತಿ ಬಿಡುವ ಹಾಗಿಲ್ಲ.

ತೋಟದ ದಾರಿಯಲ್ಲಿ ಕಾರಿನ ಹೊಟ್ಟೆಗೆ ಕಲ್ಲು ಹೊಡೆದರೆ ಅವತ್ತೇ ಕೆಳಗೆ ಬಗ್ಗಿ ಫೋಟೋ ತೆಗಿ, ಅವತ್ತೇ ಕಂಪನಿಗೆ ತಿಳಿಸು. ಮೂರು ತಿಂಗಳ ನಂತರ ಸರ್ವಿಸ್‌ನಲ್ಲಿ ಲಿಫ್ಟಿಗೇರಿಸಿದಾಗ ಬ್ಯಾಟರಿ ಪೆಟ್ಟಿಗೆ ತಗ್ಗಿದ್ದು ಕಂಡರೆ 'ಹಳೇ ಪೆಟ್ಟು' ಅನ್ನುತ್ತಾರೆ. ಎರಡು ದಿನ ಎರಡು ಕಡೆ ತಾಗಿದ್ದರೆ ಅದು ಎರಡು ಕ್ಲೇಮ್, ಡಿಡಕ್ಟಿಬಲ್ ಕೂಡ ಎರಡು ಸಲ. ಸರ್ವೇಯರ್ ನೋಡುವ ಮೊದಲು ಪ್ಯಾಕ್ ಬಿಚ್ಚಲು ಬಿಡಬೇಡ. ಕಾರು ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಬಟನ್ ಒತ್ತಬೇಡ, ಚಾರ್ಜಿಗೆ ಹಾಕಲೇ ಬೇಡ. ನೀರು ಹೊಕ್ಕ ಬ್ಯಾಟರಿ ಗಂಟೆಗಳ, ಕೆಲವು ಸಲ ದಿನಗಳ ಮೇಲೆ ಹೊತ್ತಿಕೊಳ್ಳುವುದುಂಟು, ಹಾಗಾಗಿ ಶೆಡ್ಡಿನಿಂದಲೂ ಮನೆಯಿಂದಲೂ ದೂರ, ಬಯಲಲ್ಲಿ ನಿಲ್ಲಿಸಲು ಹೇಳು.

ರೋಡ್‌ಸೈಡ್ ಅಸಿಸ್ಟೆನ್ಸ್‌ನ ಸಣ್ಣಕ್ಷರ ಓದು. ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಮೋಟಾರು ತಿರುಗಿ ಕರೆಂಟು ಹುಟ್ಟಿ ಹಾಳಾಗಬಹುದು, ಆದ್ದರಿಂದ 'ಫ್ಲ್ಯಾಟ್‌ಬೆಡ್' (ಇಡೀ ಕಾರನ್ನು ಹೊತ್ತೊಯ್ಯುವ ಗಾಡಿ) ಅಂತಲೇ ಬರೆದಿರಬೇಕು. ಬ್ಯಾಟರಿ ಬಿಚ್ಚುವ ಕೆಲಸಕ್ಕೆ ಮೈಸೂರಿಗೇ ಒಯ್ಯಬೇಕಾಗಿ ಬಂದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. 50 ಕಿ.ಮೀ. ಮಿತಿಯ ಟೋಯಿಂಗ್ ಪಿರಿಯಾಪಟ್ಟಣ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ. ಮೈಸೂರಿನ ಆ ವರ್ಕ್‌ಶಾಪ್ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇದೆಯೇ ಅಂತಲೂ ಹೆಸರು ಹೇಳಿ ಕೇಳು. ಕಂತಿನಲ್ಲಿ ಸಾವಿರ ರೂಪಾಯಿ ಉಳಿಸಿ ಇದರಲ್ಲಿ ಸಿಕ್ಕಿಬೀಳುವುದು ಬೇಡ.

ಗೋಡೆಗೆ ಹಾಕಿಸುವ 7.2 ಕಿಲೋವ್ಯಾಟ್ ಚಾರ್ಜರು ಕಾರಿನ ಭಾಗ ಅಲ್ಲ, ಚಾರ್ಜರ್ ಕವರ್ ಇಲ್ಲದಿದ್ದರೆ ಅದಕ್ಕೆ ವಿಮೆಯಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ, ಲೈನಿಗೆ ಸಿಡಿಲು ಬಡಿದಾಗ ಬರುವ ಹೆಚ್ಚು ವೋಲ್ಟೇಜು ಕಾರಿನೊಳಗಿನ ಚಾರ್ಜರನ್ನೂ ಸುಡಬಹುದು. ಅದು ಸಿಡಿಲೋ ಎಲೆಕ್ಟ್ರಿಕಲ್ ಬ್ರೇಕ್‌ಡೌನೋ ಅನ್ನುವ ಜಗಳ ಬರುವ ಮೊದಲೇ ಪ್ರತ್ಯೇಕ ಅರ್ತಿಂಗ್, 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು), ಸರ್ಜ್ ಪ್ರೊಟೆಕ್ಟರ್ ಮೂರನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ ಬಿಲ್ ತೆಗೆದಿಡು. ಗುಡುಗಿನ ಸಂಜೆ ಪ್ಲಗ್ ಕಿತ್ತಿಡು. ಹಳೇ 5 ಆ್ಯಂಪ್ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಚಾರ್ಜ್ ಮಾಡುವ ಬುದ್ಧಿವಂತಿಕೆ ಬೇಡ.

ಹೋಂಸ್ಟೇ ಅತಿಥಿಗಳನ್ನು ದುಡ್ಡಿಗೆ ಕರೆತರಲು, ತಲಕಾವೇರಿ ತೋರಿಸಲು ಈ ಕಾರು ಬಳಸಬೇಡ. ಹಸಿರು ಬೋರ್ಡಿನಲ್ಲಿ ಬಿಳಿ ಅಕ್ಷರ ಇರುವ ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು ನಿಷಿದ್ಧ, ಒಂದು ಸಲ ಸಿಕ್ಕಿದರೆ ಕ್ಲೇಮ್ ಪೂರ್ತಿ ಹೋಗಬಹುದು. ಸ್ವಂತ ಲಗೇಜು ಬಿಟ್ಟು ಸರಕು ಸಾಗಿಸುವುದೂ ಹೊರಗೇ. ಡಿಕ್ಕಿಯಲ್ಲಿ ಕಾಫಿ ಮೂಟೆ, ಮೆಣಸಿನ ಚೀಲ ಹಾಕಿಕೊಂಡು ಮಾರಲು ಹೊರಡುವುದು ಅದಕ್ಕೇ ಬೇಡ, ಜೀಪು ಇದೆ.

ಅಪ್ಪನ 50% ಎನ್‌ಸಿಬಿ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ನಿನಗೆ ಬರುವುದಿಲ್ಲ, ಅದು ಮಾಲೀಕನದು. ನಿನ್ನ ಹಳೇ ಕಾರಿಗೆ ಮೂರು ವರ್ಷ ಕ್ಲೇಮ್ ಇಲ್ಲದೆ ಬಂದ 35% ಮಾತ್ರ ನಿನ್ನದು. ಆ ಕಾರು ಮಾರಿ ಆರ್‌ಸಿ ವರ್ಗವಾದ ಮೇಲೆ ಹಳೇ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೋ, ಮೂರು ವರ್ಷ ನಡೆಯುತ್ತದೆ. ಓನ್ ಡ್ಯಾಮೇಜ್ ಕಂತಿನಲ್ಲಿ ಅಷ್ಟು ಇಳಿಯುತ್ತದೆ. ಮಾಲೀಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದ್ದು ಬೇರೆಲ್ಲಾದರೂ ಇದ್ದರೆ ಇಲ್ಲಿ ಮತ್ತೆ ಕಟ್ಟಬೇಕಾಗಿಲ್ಲ, ಹೇಳಿ ತೆಗೆಸು. ಕನ್ಸ್ಯೂಮಬಲ್ಸ್ ಇರಲಿ, ಕೂಲೆಂಟ್, ನಟ್ಟು-ಬೋಲ್ಟು ಸೇರಿ ಬಿಲ್ಲು ಬೆಳೆಯುತ್ತದೆ. ಕೀ ಕವರ್, ಕಾರಿನೊಳಗಿನ ಸಾಮಾನಿನ ಕವರ್ ಬಿಡು.

ದುಡ್ಡು ಕಟ್ಟುವ ಮೊದಲು ಡ್ರಾಫ್ಟ್ ಪಾಲಿಸಿ ತರಿಸು. ಚಾಸಿ ನಂಬರು, ಇಂಜಿನ್ ನಂಬರಿನ ಜಾಗದಲ್ಲಿ ಮೋಟಾರ್ ನಂಬರು, ಸಿಸಿ ಜಾಗದಲ್ಲಿ ಕಿಲೋವ್ಯಾಟ್, ಇಂಧನ 'ಎಲೆಕ್ಟ್ರಿಕ್', ಬ್ಯಾಂಕಿನ ಹೈಪಾಥಿಕೇಶನ್ (ಸಾಲಕ್ಕೆ ಕಾರಿನ ಅಡಮಾನ), ನಾಮಿನಿ, ಎನ್‌ಸಿಬಿ ಶೇಕಡಾ, ಆ್ಯಡ್-ಆನ್‌ಗಳ ಹೆಸರು ಒಂದೊಂದಾಗಿ ಇನ್‌ವಾಯ್ಸ್ ಜೊತೆ ತಾಳೆ ನೋಡು. ಬ್ಯಾಟರಿ ಬಾಡಿಗೆ ಯೋಜನೆಯಲ್ಲಿ ತೆಗೆದುಕೊಳ್ಳುವ ಮನಸ್ಸಾದರೆ ಐಡಿವಿಯಲ್ಲಿ ಬ್ಯಾಟರಿ ಬೆಲೆ ಸೇರಿದೆಯೋ, ನಷ್ಟವಾದರೆ ಅದರ ದುಡ್ಡು ಯಾರಿಗೆ ಅಂತ ಬರೆಸಿಕೋ. ಕಂತು ಕಟ್ಟದೆ ಕವರ್ ಶುರುವಾಗುವುದಿಲ್ಲ, ಹಾಗಾಗಿ ಪಾಲಿಸಿ ಶುರುವಾಗುವ ತಾರೀಖು ಮತ್ತು ಗಂಟೆ ನೋಡದೆ ಷೋರೂಮಿನ ಗೇಟು ದಾಟಬೇಡ. ಮುಂದೆ ಯಾವಾಗಲಾದರೂ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬಡ್ಸ್‌ಮನ್. 50 ಲಕ್ಷದವರೆಗೆ ಅಲ್ಲಿ ಕೇಳಬಹುದು, ಶುಲ್ಕವಿಲ್ಲ.

ಡ್ರಾಫ್ಟ್ ಬಂದ ಕೂಡಲೇ ನನಗೂ ವಾಟ್ಸಾಪ್ ಮಾಡು. ಬರೀ ಮೊದಲ ಪುಟ ಅಲ್ಲ, ಆ್ಯಡ್-ಆನ್ ಷರತ್ತುಗಳಿರುವ ಹಿಂದಿನ ಪುಟಗಳೂ ಬೇಕು.

ನಿನ್ನ ಅವ್ವ