ಹಿಂದಿನ ಇನ್ನಿಂಗ್ಸ್‌ನಲ್ಲಿ ಏನಾಗಿತ್ತು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕದ ಬೇಸ್‌ಬಾಲ್ ಹೊಡೆದಾಟದ ಒಂದು ಚಿತ್ರ ಬಂದಿತ್ತು. ಕೆಳಗೆ ಎರಡು ಸಾಲು. ಈಚೆಗೆ ಆಟಗಾರರಿಗೆ ತಾಳ್ಮೆಯೇ ಇಲ್ಲ, ಮೈದಾನ ಬೀದಿ ಜಗಳದ ಜಾಗ ಆಗಿಹೋಗಿದೆ ಅಂತ. ಚಿತ್ರ ಚೆನ್ನಾಗಿತ್ತು. ಆ ‘ಈಚೆಗೆ’ ಓದಿ ಮಾತ್ರ ನಗು ಬಂತು. ನಾನು 1977ರಿಂದ ಡೆಟ್ರಾಯಿಟ್ ಸುತ್ತಮುತ್ತಲೇ ಇರುವವಳು. ನಾನು ಕೇಳಿದ ಹೊಡೆದಾಟಗಳ ಮುಂದೆ ನಿಮ್ಮ ಚಿತ್ರದ್ದು ಮದುವೆ ಮನೆಯಲ್ಲಿ ಬೀಗರು ಮುನಿಸಿಕೊಂಡ ಹಾಗಿದೆ.

‘ಕೇಳಿದ’ ಅಂತಲೇ ಬರೆದಿದ್ದೇನೆ. ನೋಡಿದ್ದು ಕಡಿಮೆ.

ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕ್‌ನಲ್ಲಿ ನನಗೆ ರಾತ್ರಿ ಪಾಳಿ. ಜೊತೆಗಿದ್ದವರು ನನ್ನ ಸೀನಿಯರ್, ಡೆಟ್ರಾಯಿಟ್‌ಗೆ ಅಂಟಿಕೊಂಡ ಊರು ಹ್ಯಾಮ್‌ಟ್ರಾಮ್ಕ್‌ನ ಪೋಲಿಷ್ ಮನೆತನದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ರಕ್ತದ ಚೀಲಗಳಿಡುವ ಫ್ರಿಜ್‌ನ ನೆತ್ತಿಯ ಮೇಲೆ ಅವರದೊಂದು ರೇಡಿಯೋ. ಮುಳ್ಳು ಯಾವಾಗಲೂ 760ರ ಮೇಲೆ, ಅಂದರೆ ಡಬ್ಲ್ಯುಜೆಆರ್. ನಮ್ಮೂರ ಬೇಸ್‌ಬಾಲ್ ತಂಡ ಡೆಟ್ರಾಯಿಟ್ ಟೈಗರ್ಸ್ ಪಂದ್ಯಗಳು ಅದರಲ್ಲೇ ಬರುತ್ತಿದ್ದವು. 50,000 ವಾಟ್‌ನ ಸ್ಟೇಷನ್ ಅದು, ರಾತ್ರಿ ಹೊತ್ತು ಎಷ್ಟೋ ರಾಜ್ಯಗಳಾಚೆಗೂ ಕೇಳಿಸುತ್ತಿತ್ತು. ಆದರೆ ನಮ್ಮ ಲ್ಯಾಬ್‌ನಲ್ಲಿ ಸೆಂಟ್ರಿಫ್ಯೂಜ್, ಅಂದರೆ ರಕ್ತದ ಟ್ಯೂಬ್ ಗಿರಗಿರ ತಿರುಗಿಸುವ ಮೆಷಿನ್, ಶುರುವಾದರೆ ಸಾಕು, ಗರ್ ಅಂತ ಸದ್ದು ಬಿಟ್ಟು ಬೇರೇನೂ ಇಲ್ಲ. ಸೀನಿಯರ್ ಟ್ಯೂಬ್‌ಗಳನ್ನು ಕೈಯಲ್ಲಿ ಹಿಡಿದು, ಇನ್ನಿಂಗ್ಸ್ ಮುಗಿಯಲಿ ಅಂತ ಕಾಯುತ್ತಿದ್ದರು. ತುರ್ತಿನದ್ದು ಬಂದರೆ ಕಾಯುತ್ತಿರಲಿಲ್ಲ ಅನ್ನಿ.

ರೇಡಿಯೋದಲ್ಲಿ ಆಟ ಹೇಳುತ್ತಿದ್ದವರು ಎರ್ನಿ ಹಾರ್ವೆಲ್ ಮತ್ತು ಪಾಲ್ ಕ್ಯಾರಿ. ಹಾರ್ವೆಲ್ ಜಾರ್ಜಿಯಾದವರು, ದಕ್ಷಿಣದ ನಿಧಾನದ ಮಾತು. ಅಮೆರಿಕದ ಇಂಗ್ಲಿಷ್ ನನ್ನ ಕಿವಿಗೆ ಹತ್ತಿದ್ದೇ ಅವರಿಂದ. ಮೂರನೇ ಸ್ಟ್ರೈಕ್‌ಗೆ, ಅಂದರೆ ಔಟ್ ಆಗುವ ಎಸೆತಕ್ಕೆ, ಬ್ಯಾಟ್ ಬೀಸದೆ ನಿಂತವನನ್ನು, ರಸ್ತೆ ಬದಿಯ ಮನೆ ಥರ ನಿಂತೇ ಇದ್ದ ಅನ್ನುತ್ತಿದ್ದರು. ಚೆಂಡು ಪ್ರೇಕ್ಷಕರ ಕಡೆ ಹಾರಿದರೆ, ಇಪ್ಸಿಲಾಂಟಿಯಿಂದ ಬಂದವರೊಬ್ಬರು ಹಿಡಿದರು ಅನ್ನುತ್ತಿದ್ದರು. ಇನ್ನೊಂದು ಸಲ ಮಿಷಿಗನ್‌ನ ಮತ್ಯಾವುದೋ ಊರು. ಅಷ್ಟು ಜನರಲ್ಲಿ ಯಾರು ಎಲ್ಲಿಯವರು ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ? ಸೀನಿಯರ್‌ರನ್ನು ಕೇಳಿದೆ. ‘ಟಿಕೆಟ್ ಮೇಲೆ ಬರೆದಿರುತ್ತಲ್ಲ’ ಅಂದರು, ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಎರಡು ವರ್ಷ ನಂಬಿದ್ದೆ. ಕೊನೆಗೆ ಟೈಗರ್ ಸ್ಟೇಡಿಯಂಗೆ ಹೋಗಿ ಟಿಕೆಟ್ ಕೈಗೆ ಬಂದಾಗ ತಿರುಗಿಸಿ ತಿರುಗಿಸಿ ನೋಡಿದೆ.

ಈಗ ಹೊಡೆದಾಟಕ್ಕೆ ಬರುತ್ತೇನೆ. ನಿಮ್ಮ ಓದುಗರಿಗೆ ಒಂದು ಮಾತು ಗೊತ್ತಿರಬೇಕು. ಈ ಆಟದಲ್ಲಿ ಪಿಚರ್ ಎಸೆದ ಚೆಂಡು ಬ್ಯಾಟ್ಸ್‌ಮನ್‌ನ ಮೈಗೆ ಬಡಿದರೆ ಅದು ಸಾಲದ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಇವತ್ತೇ ತೀರಬಹುದು, ಮುಂದಿನ ವರ್ಷವೂ ತೀರಬಹುದು. ಹಾಗಾಗಿ ಬರೀ ಗುದ್ದು ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಹಳೇ ಲೆಕ್ಕ ಗೊತ್ತಿರುವವರು ಪಕ್ಕದಲ್ಲಿ ಕೂತು ಹೇಳಬೇಕು. ರೇಡಿಯೋದವರು ಮಾಡುತ್ತಿದ್ದದ್ದು ಅದನ್ನೇ.

1980ರ ಜೂನ್ 20, ಶುಕ್ರವಾರ. ಶಿಕಾಗೋದಲ್ಲಿ ಟೈಗರ್ಸ್ ಮತ್ತು ವೈಟ್ ಸಾಕ್ಸ್ ಪಂದ್ಯ, 11ನೇ ಇನ್ನಿಂಗ್ಸ್. ಬ್ಯಾಟಿಂಗ್‌ಗೆ ನಮ್ಮ ಆಲ್ ಕೋವೆನ್ಸ್, ಎಸೆಯುವುದಕ್ಕೆ ಎಡ್ ಫಾರ್ಮರ್. ಅಷ್ಟು ಹೊತ್ತಿಗೆ ಕಿಟಕಿಯಲ್ಲಿ ನರ್ಸ್ ಬಂದು ಕ್ರಾಸ್‌ಮ್ಯಾಚ್‌ಗೆ, ಅಂದರೆ ರಕ್ತ ಹೊಂದುತ್ತಾ ಅಂತ ನೋಡಲು, ಸ್ಯಾಂಪಲ್ ಕೊಟ್ಟರು. ತುರ್ತು. ನಾನು ಸೆಂಟ್ರಿಫ್ಯೂಜ್ ಹಾಕಿದೆ. ಸೀನಿಯರ್ ರೇಡಿಯೋಗೆ ಕಿವಿ ಅಂಟಿಸಿಕೊಂಡು ನಿಂತಿದ್ದರು. ಮೆಷಿನ್ ನಿಂತು ನಾನು ತಿರುಗಿ ನೋಡುವಾಗ ಅವರ ಬಾಯಿ ತೆರೆದೇ ಇತ್ತು. ‘ಅವನು ಫಸ್ಟ್ ಬೇಸ್ ಕಡೆ ಓಡಲೇ ಇಲ್ಲ’ ಅಂದರು.

ಆದದ್ದು ಇಷ್ಟು. ಚೆಂಡು ಹೊಡೆದವನು ಮೊದಲು ಓಡಬೇಕಾದದ್ದು ಫಸ್ಟ್ ಬೇಸ್ ಅನ್ನೋ ಠಾಣೆಗೆ. ಕೋವೆನ್ಸ್ ಚೆಂಡನ್ನು ನೆಲಕ್ಕೆ ಹೊಡೆದರು. ಅದು ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್, ಶಾರ್ಟ್‌ಸ್ಟಾಪ್ ಕಡೆ ಉರುಳಿತು. ಪಿಚರ್ ಫಾರ್ಮರ್ ಸಹಜವಾಗಿ ಆ ಕಡೆ ತಿರುಗಿದರು, ಬೆನ್ನು ಈ ಕಡೆ. ಕೋವೆನ್ಸ್ ಬೇಸ್ ಕಡೆ ಓಡುವುದು ಬಿಟ್ಟು ನೆಟ್ಟಗೆ ಪಿಚರ್ ಕಡೆ ಓಡಿ ಹಿಂದಿನಿಂದ ಬಿದ್ದು ಗುದ್ದಿದರು. ಅತ್ತ ಚೆಂಡು ಫಸ್ಟ್ ಬೇಸ್‌ಗೆ ಹೋಗಿ ಔಟ್. ಎರಡೂ ತಂಡ ಮೈದಾನಕ್ಕೆ ನುಗ್ಗಿದವು.

ಇದರ ವಿಡಿಯೋ ಮಾತ್ರ ತೋರಿಸಿದರೆ ಯಾರಿಗಾದರೂ ಕೋವೆನ್ಸ್‌ಗೆ ತಲೆ ಕೆಟ್ಟಿದೆ ಅನ್ನಿಸುತ್ತೆ, ಅಲ್ವಾ? ಆದರೆ ಹಿಂದಿನ ವರ್ಷ, 1979ರ ಮೇನಲ್ಲಿ, ಕೋವೆನ್ಸ್ ಕಾನ್ಸಾಸ್ ಸಿಟಿಗೆ ಆಡುತ್ತಿದ್ದಾಗ ಇದೇ ಫಾರ್ಮರ್ ಎಸೆದ ಚೆಂಡು ಅವರ ದವಡೆ ಮುರಿದಿತ್ತು. ಆಮೇಲೆ ಇಬ್ಬರೂ ತಂಡ ಬದಲಾಯಿಸಿದರು. ಕೋವೆನ್ಸ್ ನಮ್ಮ ಕಡೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ದವಡೆಗೆ ತಂತಿ ಹಾಕಿಸಿಕೊಂಡು ನೀರುಗಂಜಿ ಕುಡಿಯುತ್ತಾ ಮಲಗಿದವರನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಹಿಂದಿನಿಂದ ಹೊಡೆದದ್ದು ತಪ್ಪೇ. ಆದರೆ ಹುಚ್ಚಲ್ಲ.

ಕೋವೆನ್ಸ್‌ಗೆ ಏಳು ಪಂದ್ಯಗಳ ನಿಷೇಧ ಆಯಿತು. ಸಾಲದ್ದಕ್ಕೆ ಶಿಕಾಗೋದಲ್ಲಿ ಬಂಧನದ ವಾರಂಟ್. ಸೆಪ್ಟೆಂಬರ್ 1ಕ್ಕೆ ವೈಟ್ ಸಾಕ್ಸ್ ಡೆಟ್ರಾಯಿಟ್‌ಗೆ ಬಂದರು. ಪಂದ್ಯಕ್ಕೆ ಮೊದಲು ಆಟಗಾರರ ಪಟ್ಟಿ ಅಂಪೈರ್‌ಗೆ ಕೊಡುತ್ತಾರಲ್ಲ, ಆವತ್ತು ಅದನ್ನು ತಂದವರು ಕೋವೆನ್ಸ್ ಮತ್ತು ಫಾರ್ಮರ್. ಬ್ಯಾಟ್ ಮಾಡುವ ಜಾಗ, ಹೋಮ್ ಪ್ಲೇಟ್ ಹತ್ತಿರ ಕೈ ಕುಲುಕಿದರು. ಕೇಸು ಅಲ್ಲಿಗೆ ಮುಗಿಯಿತು.

ಸೀನಿಯರ್‌ ಬಾಯಲ್ಲಿ ಮಾತ್ರ ಮುಗಿಯಲಿಲ್ಲ. ಇಪ್ಪತ್ತು ವರ್ಷ ಈ ಕಥೆ ಹೇಳಿದರು. ಒಂದೊಂದು ಸಲ ಒಂದೊಂದು ಗುದ್ದು ಜಾಸ್ತಿ. ನಾನೂ ಕೇಳಿ ಕೇಳಿ, ಆ ಕ್ಷಣ ನನ್ನ ಕಿವಿಗೇ ಬಿದ್ದ ಹಾಗೆ ಹೇಳಲು ಶುರು ಮಾಡಿದ್ದೆ. ನಿಜಕ್ಕೂ ನಾನು ಕೇಳಿದ್ದು ಸೆಂಟ್ರಿಫ್ಯೂಜ್ ಸದ್ದು.

ಇನ್ನೊಂದು ತಮಾಷೆ ಇದೆ. ಎಡ್ ಫಾರ್ಮರ್ ಆಟ ಬಿಟ್ಟ ಮೇಲೆ ವೈಟ್ ಸಾಕ್ಸ್‌ನ ರೇಡಿಯೋ ವೀಕ್ಷಕ ವಿವರಣೆಗಾರರಾದರು. 2020ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಬೆನ್ನ ಹಿಂದೆ ಬಂದದ್ದನ್ನು ನೋಡದೆ ಏಟು ತಿಂದ ಮನುಷ್ಯ, ಕಣ್ಣೆದುರು ನಡೆದದ್ದನ್ನು ಜನರಿಗೆ ಹೇಳುವ ಕೆಲಸ ಹಿಡಿದರು. ರಾತ್ರಿ ಶಿಕಾಗೋ ಸ್ಟೇಷನ್ ನಮ್ಮ ರೇಡಿಯೋಗೂ ಸಿಗುತ್ತಿತ್ತು. ಸೀನಿಯರ್ ಮೊದಲು ಮುಖ ಸಿಂಡರಿಸಿಕೊಂಡು ಕೇಳಿದರು. ಒಂದು ವಾರ ಆದ ಮೇಲೆ, ‘ಪರವಾಗಿಲ್ಲ, ಚೆನ್ನಾಗೇ ಹೇಳ್ತಾನೆ’ ಅಂದರು. ಅದಕ್ಕಿಂತ ದೊಡ್ಡ ರಾಜಿ ನಾನು ಕಂಡಿಲ್ಲ.

ನಮ್ಮ ಲ್ಯಾಬ್‌ಗೆ ಕ್ಯಾಲಿಫೋರ್ನಿಯಾದಿಂದ ಒಬ್ಬರು ಯುವ ಡಾಕ್ಟರ್ ಬಂದರು, ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡದ ಅಭಿಮಾನಿ. ಸೀನಿಯರ್‌ಗೂ ಅವರಿಗೂ ನಿಮ್ಮ ಹೊಡೆದಾಟ ದೊಡ್ಡದೋ ನಮ್ಮದೋ ಅಂತ ಪೈಪೋಟಿ. ಡಾಕ್ಟರ್ ಪ್ರತಿ ಸಲ ಎಸೆಯುತ್ತಿದ್ದ ತುರುಪು 1965ರ ಆಗಸ್ಟ್ 22ರದ್ದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್, ಜೈಂಟ್ಸ್ ವಿರುದ್ಧ ಡಾಜರ್ಸ್. ಆವತ್ತು ಜೈಂಟ್ಸ್‌ನ ಪಿಚರ್ ಹ್ವಾನ್ ಮಾರಿಷಾಲ್ ಎದುರಾಳಿಗಳ ಮೈ ಹತ್ತಿರ ಎಸೆದಿದ್ದರು. ಅವರು ಬ್ಯಾಟ್ ಹಿಡಿದು ಬಂದಾಗ ಡಾಜರ್ಸ್‌ನ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಜಾನ್ ರೋಸ್‌ಬೊರೊ ಚೆಂಡನ್ನು ತಮ್ಮ ಪಿಚರ್‌ಗೆ ವಾಪಸ್ ಎಸೆದದ್ದು ಮಾರಿಷಾಲ್ ಕಿವಿಯ ಪಕ್ಕದಲ್ಲೇ. ಮಾತಿಗೆ ಮಾತು ಬೆಳೆಯಿತು. ಮಾರಿಷಾಲ್ ಕೈಯಲ್ಲಿದ್ದ ಬ್ಯಾಟಿನಿಂದಲೇ ರೋಸ್‌ಬೊರೊ ತಲೆಗೆ ಹೊಡೆದರು. 14 ಹೊಲಿಗೆ. ಶಿಕ್ಷೆ 1,750 ಡಾಲರ್ ದಂಡ, ಎಂಟು ಪಂದ್ಯಗಳ ನಿಷೇಧ. ಬ್ಯಾಟಿನಿಂದ ತಲೆ ಒಡೆದದ್ದಕ್ಕೆ ಇಷ್ಟೇ. ನಿಮ್ಮ ‘ಈಚೆಗೆ’ಗೆ ಇದೊಂದೇ ಉತ್ತರ ಸಾಕು.

ಡಾಕ್ಟರ್ ಆಗ ಚಿಕ್ಕ ಹುಡುಗ. ಅಪ್ಪನ ಕಾರಿನ ರೇಡಿಯೋದಲ್ಲಿ ಕೇಳಿದ್ದರಂತೆ. ಏಟಿನ ಭಾಗವನ್ನು ಅವರು ಬೇಗ ಹೇಳಿ ಮುಗಿಸುತ್ತಿದ್ದರು. ನಿಲ್ಲುತ್ತಿದ್ದದ್ದು ವಿಲ್ಲಿ ಮೇಸ್ ಹತ್ತಿರ. ಮೇಸ್ ಜೈಂಟ್ಸ್ ಆಟಗಾರ, ಅಂದರೆ ಎದುರು ತಂಡ. ರಕ್ತ ಸುರಿಯುತ್ತಿದ್ದ ರೋಸ್‌ಬೊರೊರನ್ನು ಹಿಡಿದುಕೊಂಡು ಆ ಗದ್ದಲದಿಂದ ಆಚೆ ಕರೆದುಕೊಂಡು ಹೋದವರು ಅವರು. ಅದನ್ನು ಹೇಳುವಾಗ ಡಾಕ್ಟರ್ ತಮ್ಮ ಎರಡೂ ಕೈಯನ್ನು ಹೀಗೆ, ಮಗುವಿನ ತಲೆ ಹಿಡಿದ ಹಾಗೆ ಹಿಡಿಯುತ್ತಿದ್ದರು. ಗಾಳಿಯಲ್ಲಿ ಕೇಳಿದ್ದನ್ನು ಕೈಯಲ್ಲಿ ತೋರಿಸುತ್ತಿದ್ದರು. ಮುಂದೆ ಮಾರಿಷಾಲ್ ಮತ್ತು ರೋಸ್‌ಬೊರೊ ಸ್ನೇಹಿತರಾದರು. 2002ರಲ್ಲಿ ರೋಸ್‌ಬೊರೊ ತೀರಿಕೊಂಡಾಗ ಮಾರಿಷಾಲ್ ಅಂತ್ಯಕ್ರಿಯೆಗೆ ಬಂದಿದ್ದರು.

ರೇಡಿಯೋದಲ್ಲಿ ಡಾಜರ್ಸ್‌ನ ದನಿ ಅಂದರೆ ವಿನ್ ಸ್ಕಲಿ. 1950ರಿಂದ 2016ರವರೆಗೆ, 67 ಸೀಸನ್. ಲಾಸ್ ಏಂಜಲೀಸ್‌ನಲ್ಲಿ ಜನ ಸ್ಟೇಡಿಯಂಗೆ ಬರುವಾಗಲೂ ಟ್ರಾನ್ಸಿಸ್ಟರ್ ತರುತ್ತಿದ್ದರು. ಆಟ ಎದುರಿಗೇ ಇದೆ, ಆದರೂ ಸ್ಕಲಿ ಹೇಳಿದರೇನೇ ನಂಬಿಕೆ. ಅವರ ಗುರು ರೆಡ್ ಬಾರ್ಬರ್, ಡಾಜರ್ಸ್ ತಂಡ ಇನ್ನೂ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದಾಗ ಅದರ ರೇಡಿಯೋದವರು. ಮೈದಾನದ ಜಗಳಕ್ಕೆ ‘ರೂಬಾರ್ಬ್’ ಅನ್ನೋ ಹೆಸರನ್ನು ಮನೆಮನೆಗೆ ಮುಟ್ಟಿಸಿದವರು ಅವರೇ. ಅದು ಹುಳಿ ದಂಟಿನ ಒಂದು ಗಿಡದ ಹೆಸರು! ಬಾರ್ಬರ್ ಮೇಜಿನ ಮೇಲೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು, ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವಂಥದ್ದು. ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳಿ, ತಿರುಗಿಸಿ ಇಡುವುದು. ಈಗ ತಾನೇ ರೇಡಿಯೋ ಹಾಕಿದವರ ಮೇಲೆ ಎಷ್ಟು ಕಾಳಜಿ ನೋಡಿ. ನಮ್ಮ ಹಾರ್ವೆಲ್ ಅದೇ ಬ್ರೂಕ್ಲಿನ್‌ಗೆ 1948ರಲ್ಲಿ ಸೇರಿದ ಕಥೆ ಇನ್ನೂ ವಿಚಿತ್ರ. ಅವರನ್ನು ಬಿಟ್ಟುಕೊಡಲು, ಆಗ ಅವರಿದ್ದ ಅಟ್ಲಾಂಟಾ ತಂಡ ಬದಲಿಗೆ ಒಬ್ಬ ಕ್ಯಾಚರ್‌ನನ್ನು ಕೇಳಿ ತೆಗೆದುಕೊಂಡಿತು.

ರೇಡಿಯೋದವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಊರಿನ ತಂಡದ ಕಡೆ ವಾಲುವವರು ಬೇಕಾದಷ್ಟು ಇದ್ದರು. ಹೊಡೆದಾಟದಲ್ಲಿ ನಮ್ಮವರು ಬರೀ ಬಿಡಿಸಲು ಹೋದವರು, ಹೊಡೆದವರೆಲ್ಲ ಅವರು! ಮತ್ತೆ ಹೊಡೆದಾಟ ಚೆಂದ ಅನ್ನೋಕೂ ನನ್ನಿಂದ ಆಗಲ್ಲ. ಬ್ಲಡ್ ಬ್ಯಾಂಕ್‌ನಲ್ಲಿ ಕೆಲಸ ಮಾಡಿದವರಿಗೆ 14 ಹೊಲಿಗೆ ಅಂದರೆ ಎಷ್ಟು ರಕ್ತ ಅಂತ ಗೊತ್ತು. ನೆತ್ತಿಯ ಗಾಯ ಸುಮ್ನೆ ನಿಲ್ಲುವುದಿಲ್ಲ.

2000ದ ಏಪ್ರಿಲ್ 22, ಶನಿವಾರ. ಮತ್ತೆ ಶಿಕಾಗೋ, ಮತ್ತೆ ವೈಟ್ ಸಾಕ್ಸ್. ನಮ್ಮ ಡೀನ್ ಪಾಮರ್‌ಗೆ ಚೆಂಡು ಬಡಿಯಿತು, ಅವರು ಪಿಚರ್ ಮೇಲೆ ಏರಿಹೋದರು. ಕೊನೆಗೆ 16 ಜನರಿಗೆ ನಿಷೇಧ. ಮಗ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ, ನಾನು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿದ್ದೆ. ‘ಅಮ್ಮಾ, ಬೇಗ ಬಾ, ಹೊಡೆದಾಡ್ತಿದ್ದಾರೆ’ ಅಂತ ಕೂಗಿದ. ‘ಇರೋ, ಇಲ್ಲಿ ಹೇಳಿ ಮುಗಿಸಲಿ’ ಅಂದೆ. ಅವನು ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ. ನಾನು ಹೋಗಿ ನೋಡುವಾಗ ಟಿವಿಯಲ್ಲಿ ಅದೇ ಗುದ್ದನ್ನು ನಾಲ್ಕನೇ ಸಲ ತೋರಿಸುತ್ತಿದ್ದರು. ಯಾಕೆ ಹೊಡೆದಾಡಿದರು ಅಂತ ಮಗನನ್ನು ಕೇಳಿದೆ. ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಾರ್ವೆಲ್ 2010ರ ಮೇ 4ರಂದು ಹೋದರು. ಟೈಗರ್ಸ್‌ನ ಹೊಸ ಸ್ಟೇಡಿಯಂ ಕೊಮೆರಿಕಾ ಪಾರ್ಕ್‌ನಲ್ಲಿ, ಅವರದೇ ಪ್ರತಿಮೆಯ ಹತ್ತಿರ, ದೇಹವನ್ನು ದರ್ಶನಕ್ಕೆ ಇಟ್ಟಿದ್ದರು. ರಾತ್ರಿಯಿಡೀ ಜನ, ಹತ್ತು ಸಾವಿರಕ್ಕೂ ಮೇಲೆ. ನಾನು ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದವರು ಹಿಂದೆ ತಿರುಗಿ ಯಾವ ಊರಿಂದ ಬಂದಿರಿ ಅಂತ ಕೇಳಿದರು. ಇಪ್ಸಿಲಾಂಟಿ ಅಂದುಬಿಟ್ಟೆ. ಸುಳ್ಳು. ಅವರಿಗೂ ಗೊತ್ತಾಯಿತು, ಇಬ್ಬರೂ ನಕ್ಕೆವು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಇಂಥ ಚಿತ್ರ ಬೇಕಾದರೆ ಹಾಕಿ. ಜೊತೆಗೆ ಹಿಂದಿನ ಇನ್ನಿಂಗ್ಸ್‌ನಲ್ಲಿ ಏನಾಗಿತ್ತು, ಹಿಂದಿನ ವರ್ಷ ಯಾರ ದವಡೆ ಮುರಿದಿತ್ತು ಅಂತ ಒಂದೇ ಒಂದು ಸಾಲು ಬರೆಯಿರಿ. ಆಮೇಲೆ, ಚಿತ್ರದ ಹಿಂಬದಿಯಲ್ಲಿ ಓಡಿ ಬರುತ್ತಿರುವವರನ್ನು ‘ದಾಳಿಗೆ ಮುನ್ನುಗ್ಗುತ್ತಿರುವ ಆಟಗಾರರು’ ಅಂದಿದ್ದೀರಿ. ಅವರು ಬುಲ್‌ಪೆನ್‌ನಿಂದ, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗದಿಂದ ಬರುವವರು, ಪಾಪ. ಮೈದಾನದ ಆ ತುದಿಯಿಂದ ಓಡಿ ಬಂದು ಮುಟ್ಟುವಷ್ಟರಲ್ಲಿ ಹೊಡೆದಾಟ ಮುಗಿದಿರುತ್ತೆ. ಏದುಸಿರು ಬಿಡುತ್ತಾ ಯಾರದಾದರೂ ಅಂಗಿ ಹಿಡಿದುಕೊಂಡು ನಿಲ್ಲುತ್ತಾರೆ. ಬಾರದಿದ್ದರೆ ಜೊತೆಯವರು ಸುಮ್ಮನೆ ಬಿಡುವುದಿಲ್ಲ, ಅದಕ್ಕೆ ಓಡುವುದು.

ಕೊನೆಯದು. ಅಡಿಬರಹದಲ್ಲಿ ಪಿಚರ್‌ನನ್ನು ‘ಬೌಲರ್’ ಅಂತ ಅಚ್ಚು ಹಾಕಿದ್ದೀರಿ. ನನ್ನ ಸೀನಿಯರ್ ಇದ್ದಿದ್ದರೆ ನಿಮ್ಮನ್ನು ಬಿಡುತ್ತಿರಲಿಲ್ಲ. ಅವರ ಮನೆತನದ ಕಥೆ ಹೇಳಿದರೆ ಯಾಕೆ ಅಂತ ಗೊತ್ತಾಗುತ್ತೆ. 1934ರ ವರ್ಲ್ಡ್ ಸೀರೀಸ್‌ನ, ಅಂದರೆ ಆ ವರ್ಷದ ಫೈನಲ್ ಸರಣಿಯ, ಏಳನೇ ಪಂದ್ಯದಲ್ಲಿ ಸೇಂಟ್ ಲೂಯಿಸ್‌ನ ಜೋ ಮೆಡ್‌ವಿಕ್ ನಮ್ಮ ಮಾರ್ವ್ ಓವೆನ್ ಮೇಲೆ ಬೇಸ್ ಮುಟ್ಟಲು ಕಾಲು ಮುಂದೆ ಮಾಡಿ ಜೋರಾಗಿ ಜಾರಿ ಬಂದು ಬಿದ್ದಾಗ, ಡೆಟ್ರಾಯಿಟ್ ಜನ ಮೆಡ್‌ವಿಕ್ ಮೇಲೆ ಹಣ್ಣು, ತರಕಾರಿ, ಬಾಟಲಿ ಎಲ್ಲ ಎಸೆದಿದ್ದರು. ಬೇಸ್‌ಬಾಲ್‌ನ ಮುಖ್ಯಸ್ಥರಾಗಿದ್ದ ಕಮಿಷನರ್ ಲ್ಯಾಂಡಿಸ್ ಅವರೇ ಮೆಡ್‌ವಿಕ್‌ರನ್ನು ಆಟದಿಂದ ಹೊರಗೆ ಕಳಿಸಬೇಕಾಯಿತು. ಆದರೂ ನಾವು 11–0ಯಿಂದ ಸೋತೆವು. ಆವತ್ತು ಸೀನಿಯರ್‌ರ ಅಪ್ಪ ಅದೇ ಗ್ಯಾಲರಿಯಲ್ಲಿ ಇದ್ದರಂತೆ. ಎರಡು ಕಿತ್ತಳೆ ಎಸೆದು, ಒಂದನ್ನು ಮನೆಗೆ ವಾಪಸ್ ತಂದರಂತೆ. ‘ಬೇಕಾದೀತು’ ಅಂತ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ, ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ಡೆಟ್ರಾಯಿಟ್ ಹತ್ತಿರದಿಂದ (ಇಪ್ಸಿಲಾಂಟಿ ಅಲ್ಲ)