ಬ್ಯಾರನ್ ಹತ್ತಿರ ಕೂತು ಓದಿ, ಅಪ್ಪಾಜಿ

ರಿಚ್ಮಂಡ್, ವರ್ಜೀನಿಯಾ
ಆಗಸ್ಟ್ 18

ಅಪ್ಪಾಜಿಗೆ, ಅವ್ವನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅವ್ವ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೇನೆ. ರಾಗಿ ಹಿಟ್ಟು ಇಲ್ಲೂ ಸಿಗುತ್ತದೆ, ಭಾನುವಾರ ಮುದ್ದೆ ಮಾಡಿದ್ದೆ. ಸ್ವಲ್ಪ ಗಂಟಾಯಿತು. ಸೊಪ್ಪಿನ ಸಾರು ಮಾತ್ರ ನಿನ್ನ ಥರ ಬರಲ್ಲ.

ಹೋದ ವಾರ ಫೋನಿನಲ್ಲಿ ಅಪ್ಪಾಜಿ ಕೇಳಿದಿರಿ, "ಅದೇನವ್ವ, ಸಿಗರೇಟು ಬಿಚ್ಚಿ ನೋಡೋಕೂ ಸಂಬಳ ಕೊಡ್ತಾರಾ? ಅದ್ರಲ್ಲಿ ನಮ್ಮ ಹೊಗೆಸೊಪ್ಪು ಇದ್ದದಾ?" ಅಂತ. ಅದೇ ಮಾತಿನಲ್ಲಿ, ಸೊಪ್ಪು ಬೇಯಿಸಲು ಇನ್ನೊಂದು ಮನೆ, ಎರಡನೇ ಬ್ಯಾರನ್, ಕಟ್ಟುವ ವಿಷಯವೂ ಬಂತು. ಅದಕ್ಕೆ ಸಾಲ ಮಾಡುವ ಮಾತೂ ಬಂತು. ಆಮೇಲೆ ಕೂಲಿಯವರು ಕೂಗಿದರು, ನೀವು ಫೋನಿಟ್ಟಿರಿ. ಎರಡಕ್ಕೂ ಉತ್ತರ ಹೇಳಬೇಕು ಅಂತ ಆವತ್ತಿಂದ ಮನಸ್ಸಿನಲ್ಲೇ ಇದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಈಗ ನೀವು ರಾತ್ರಿಯೆಲ್ಲ ಬ್ಯಾರನ್ ಮುಂದೆ ಸೌದೆ ಹಾಕುತ್ತ ಕೂತಿರುತ್ತೀರಿ. ಅಲ್ಲೇ ಕೂತು ನಿಧಾನವಾಗಿ ಓದಿ.

ನನ್ನ ಕೆಲಸ ಇಷ್ಟು. ಒಂದು ಕಂಪನಿಯವರು ತಮ್ಮ ಸಿಗರೇಟಿನ ಜೊತೆಗೆ, ಅದಕ್ಕಿಂತ ಜಾಸ್ತಿ ಮಾರಾಟವಾಗುವ ಬೇರೆಯವರ ಸಿಗರೇಟನ್ನೂ ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಅದರಲ್ಲಿ ಯಾವ ಯಾವ ಸೊಪ್ಪು ಎಷ್ಟೆಷ್ಟಿದೆ, ಮೇಲೆ ಏನು ಬೆರೆಸಿದ್ದಾರೆ, ತಮ್ಮದನ್ನು ಅದರ ಹತ್ತಿರಕ್ಕೆ ತರಲು ಏನು ಬದಲಿಸಬೇಕು ಅಂತ ಅವರಿಗೆ ಗೊತ್ತಾಗಬೇಕು. ಬೇರೆ ಮನೆಯಲ್ಲಿ ಊಟ ಮಾಡಿ ಬಂದು, ಸಾರಿಗೆ ಧನಿಯಾ ಜಾಸ್ತಿ ಹಾಕಿದ್ದರು, ಮೆಂತ್ಯ ಹುರಿದು ಹಾಕಿದ್ದರು ಅಂತ ಅವ್ವ ಹೇಳುತ್ತಾಳಲ್ಲ, ಹಾಗೇ. ಅವಳಿಗೆ ನಾಲಿಗೆ ಇದೆ, ನಮಗೆ ಮಿಷನ್ನು.

ಸಿಗರೇಟು ಬಂದ ತಕ್ಷಣ ಬಿಚ್ಚುವ ಹಾಗಿಲ್ಲ. 22 ಡಿಗ್ರಿ ಬಿಸಿ, 60 ಪರ್ಸೆಂಟ್ ತೇವ ಇರುವ ಕೋಣೆಯಲ್ಲಿ ಎರಡು ದಿನವಾದರೂ ಇಡುತ್ತೇವೆ. ಬೆಂದ ಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆ ಅಂತ ನೀವು ಬ್ಯಾರನ್ ಬಾಗಿಲು ತೆಗೆದು ರಾತ್ರಿ ತಂಪಿಗೆ ಬಿಡುತ್ತೀರಿ. ಇದೂ ಅದೇ ಲೆಕ್ಕ. ಆಮೇಲೆ ಬ್ಲೇಡಿನಲ್ಲಿ ಕಾಗದ ಸೀಳಿ, ಒಳಗಿನದನ್ನು ಬಿಳಿ ತಟ್ಟೆಗೆ ಸುರಿದು, ದೀಪದ ಕೆಳಗೆ ಭೂತಗನ್ನಡಿ ಇಟ್ಟು ಚಿಮಟದಲ್ಲಿ ಒಂದೊಂದೇ ಎಳೆ ಬೇರೆ ಮಾಡುತ್ತೇನೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಂ ಸೊಪ್ಪೂ ಇರುವುದಿಲ್ಲ. ಆದರೂ ಬೆಳಗ್ಗೆ ಕೂತರೆ ಮಧ್ಯಾಹ್ನ ಆಗಿಬಿಡುತ್ತದೆ. ಹಜಾರದಲ್ಲಿ ಅವ್ವ, ನಾನು, ಚಿಕ್ಕಮ್ಮ ಕೂತು ಸೊಪ್ಪಿನ ಗ್ರೇಡ್ ಮಾಡುತ್ತಿದ್ದೆವಲ್ಲ, ಬಣ್ಣದ್ದು ಒಂದು ಕಡೆ, ಕಪ್ಪಾದದ್ದು ಒಂದು ಕಡೆ. ನನ್ನ ಜೊತೆ ಕೆಲಸ ಮಾಡುವವರು ಇದನ್ನು ಕಲಿಯಲು ತಿಂಗಳುಗಟ್ಟಲೆ ಕಷ್ಟಪಟ್ಟರು. ನನ್ನ ಕಣ್ಣಿಗೆ ಅದು ಮೊದಲೇ ಗೊತ್ತಿತ್ತು.

ನಿಂಬೆಹಣ್ಣಿನ ಬಣ್ಣದಿಂದ ಕಿತ್ತಳೆ ಬಣ್ಣದವರೆಗಿನ ಎಳೆಗಳು ನಾವು ಬೆಳೆಯುವ ಜಾತಿ, ವರ್ಜೀನಿಯಾ. ಹೌದು ಅಪ್ಪಾಜಿ, ನಾನಿರುವ ಈ ರಾಜ್ಯದ ಹೆಸರೇ ನಮ್ಮ ಸೊಪ್ಪಿಗೆ ಬಂದಿರುವುದು. ಕಂದು ಬಣ್ಣದ, ಹಗುರವಾದ ಎಳೆ ಬರ್ಲಿ. ಸಣ್ಣ ಎಲೆಯ, ಘಮಘಮ ಅನ್ನುವುದು ಟರ್ಕಿ ಕಡೆಯ ಸೊಪ್ಪು. ಇವು ಮೂರೂ ಅಲ್ಲದ ಕೆಲವು ತುಂಡುಗಳೂ ಇರುತ್ತವೆ. ಅವಕ್ಕೆ ನರವಿಲ್ಲ, ಎಲ್ಲಾ ಕಡೆ ಒಂದೇ ಬಣ್ಣ. ಅವು ಎಲೆಯಲ್ಲ. ಸೊಪ್ಪಿನ ದಂಟು, ಧೂಳು, ಚೂರುಗಳನ್ನು ಅರೆದು, ಕಾಗದ ಮಾಡಿದ ಹಾಗೆ ಹಾಳೆ ಮಾಡಿ ಮತ್ತೆ ಕತ್ತರಿಸಿದ್ದು. ಈ ಹಾಳೆಯ ವಿಷಯ ಆಮೇಲೆ ಹೇಳುತ್ತೇನೆ, ಮರೆಯಬೇಡಿ.

ಕಣ್ಣು ಹೇಳಿದ್ದನ್ನು ರಾಸಾಯನಿಕ ಪರೀಕ್ಷೆ ಸರಿಯೋ ತಪ್ಪೋ ನೋಡುತ್ತದೆ. ಸಕ್ಕರೆ ಎಷ್ಟು, ನಿಕೋಟಿನ್ ಎಷ್ಟು, ನೈಟ್ರೇಟ್ ಎಷ್ಟು, ಅಮೋನಿಯಾ ಎಷ್ಟು, ಸೊಪ್ಪು ಒಣಗದ ಹಾಗೆ ಹಾಕಿದ ಗ್ಲಿಸರಿನ್ ಎಷ್ಟು. ಸಕ್ಕರೆ ಜಾಸ್ತಿ ಇದ್ದರೆ ವರ್ಜೀನಿಯಾ ಜಾಸ್ತಿ ಅಂತ ತಿಳಿಯಬಹುದು. ಯಾಕೆ ಗೊತ್ತಾ? ಬರ್ಲಿಯನ್ನು ನೆರಳಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತ ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದುಬಿಡುತ್ತದೆ. ನೀವು ಮೊದಲು ಸಣ್ಣ ಉರಿಯಲ್ಲಿ ಹಳದಿ ಮಾಡುತ್ತೀರಿ, ಅಷ್ಟರಲ್ಲಿ ಹಿಟ್ಟಿನಂಶ ಸಕ್ಕರೆಯಾಗಿರುತ್ತದೆ. ಆಮೇಲೆ ಉರಿ ಏರಿಸುತ್ತೀರಿ. ಸಕ್ಕರೆ ಅಲ್ಲೇ ನಿಲ್ಲುತ್ತದೆ. ಐದಾರು ದಿನ ನಿದ್ದೆ ಕೆಟ್ಟು ಥರ್ಮಾಮೀಟರ್ ನೋಡುವುದು ಯಾಕೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ಬಣ್ಣ ನಿಲ್ಲಬೇಕು ಮಗ" ಅಂದಿದ್ದಿರಿ. ಬಣ್ಣದ ಜೊತೆ ನೀವು ನಿಲ್ಲಿಸುತ್ತಿದ್ದದ್ದು ಇದನ್ನೇ. ನನ್ನ ಮಿಷನ್ನಿನ ಕಾಗದದ ಮೇಲೆ ಆ ಅಂಕಿ ಬಂದಾಗಲೆಲ್ಲ ನಿಮ್ಮ ಕೆಂಪು ಕಣ್ಣು ನೆನಪಾಗುತ್ತದೆ.

ಈ ಬೇಯಿಸುವ ವಿದ್ಯೆ ಹುಟ್ಟಿದ್ದು ಪಕ್ಕದ ರಾಜ್ಯದಲ್ಲಿ, ನಾರ್ತ್ ಕೆರೊಲಿನಾದ ಕ್ಯಾಸ್ವೆಲ್ ಅನ್ನುವ ಕಡೆ. 1839ರಲ್ಲಿ ಸ್ಟೀಫನ್ ಅನ್ನುವ ಗುಲಾಮ ಬೆಂಕಿ ಕಾಯುತ್ತ ನಿದ್ದೆ ಹೋದನಂತೆ. ಎದ್ದು ನೋಡಿದರೆ ಬೆಂಕಿ ಆರುವುದರಲ್ಲಿತ್ತು. ಗಾಬರಿಯಾಗಿ ಇದ್ದಿಲು ತಂದು ಸುರಿದ. ಬಿಸಿ ಒಮ್ಮೆಲೇ ಏರಿ ಸೊಪ್ಪು ಹೊಳೆಯುವ ಹಳದಿಯಾಯಿತು ಅಂತ ಇಲ್ಲಿ ಹೇಳುತ್ತಾರೆ. ಆ ಹಳದಿ ಸೊಪ್ಪಿನಿಂದ ಯಾರು ಯಾರೋ ಶ್ರೀಮಂತರಾದರು. ಈ ಊರಿನ ನದಿ ದಂಡೆಯಲ್ಲಿ ಹೊಗೆಸೊಪ್ಪಿನ ದೊಡ್ಡ ದೊಡ್ಡ ಇಟ್ಟಿಗೆ ಕಟ್ಟಡಗಳಿವೆ, ಈಗ ಅವು ಬಾಡಿಗೆ ಮನೆಗಳು. ಸಂಜೆ ಆ ಕಡೆ ನಡೆದು ಹೋಗುವಾಗ ಸ್ಟೀಫನ್ ನೆನಪಾಗುತ್ತಾನೆ. 

ಈಗ ಹಾಳೆಯ ವಿಷಯ. ಒಬ್ಬರ ಸಿಗರೇಟನ್ನು ಇನ್ನೊಬ್ಬರು ಬಿಚ್ಚಿ ನೋಡುವುದು ಇಲ್ಲಿ ಹಳೆಯ ಕಸುಬು. 1913ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ವರ್ಜೀನಿಯಾ, ಬರ್ಲಿ, ಟರ್ಕಿ ಸೊಪ್ಪು ಬೆರೆಸಿ ಕ್ಯಾಮೆಲ್ ತಂದಿತು. ಅದು ಓಡಿದ್ದು ನೋಡಿ ಮಿಕ್ಕವರೂ ಅದೇ ದಾರಿ ಹಿಡಿದರು. 1916ರಲ್ಲಿ ಲಕ್ಕಿ ಸ್ಟ್ರೈಕ್ ಬಂತು. ದೊಡ್ಡ ಪೈಪೋಟಿ ಆದದ್ದು 1970ರ ದಶಕದಲ್ಲಿ. ರೆನಾಲ್ಡ್ಸ್‌ನವರ ವಿನ್‌ಸ್ಟನ್ ಮೊದಲ ಜಾಗದಲ್ಲಿತ್ತು, ಫಿಲಿಪ್ ಮಾರಿಸ್‌ನವರ ಮಾರ್ಲ್‌ಬರೊ ಅದನ್ನು ಹಿಂದೆ ಹಾಕಿತು. ಅದರಲ್ಲಿ ಅಂಥದ್ದೇನಿದೆ ಅಂತ ಎದುರಾಳಿಗಳ ಲ್ಯಾಬುಗಳು ತಲೆ ಕೆಡಿಸಿಕೊಂಡವು. ಒಳ್ಳೆ ಸೊಪ್ಪೇ ಕಾರಣ ಅಂತ ನಾವಾದರೆ ಅಂದುಕೊಳ್ಳುತ್ತಿದ್ದೆವು, ಅಲ್ವಾ?

ಅವರ ಕಣ್ಣಿಗೆ ಬಿದ್ದದ್ದು ಅಮೋನಿಯಾ. ಫಿಲಿಪ್ ಮಾರಿಸ್‌ನವರು 1960ರ ದಶಕದ ಮಧ್ಯದಿಂದ ಆ ದಂಟು-ಧೂಳಿನ ಹಾಳೆಗೆ ಅಮೋನಿಯಾದ ಉಪ್ಪು ಸೇರಿಸುತ್ತಿದ್ದರು. ಹಾಳೆ ಅಂಟಿಕೊಳ್ಳಲು ಅದು ಬೇಕು, ಸಕ್ಕರೆ ಜೊತೆ ಸೇರಿ ರುಚಿಯೂ ಬರುತ್ತದೆ ಅನ್ನುವುದು ಕಂಪನಿಗಳ ಮಾತು. ಆದರೆ ಅಮೋನಿಯಾ ಕ್ಷಾರ. ಕ್ಷಾರ ಜಾಸ್ತಿಯಾದರೆ ನಿಕೋಟಿನ್ ಬಿಡಿಬಿಡಿಯಾಗಿ ಮೈಗೆ ಬೇಗ ಹತ್ತುತ್ತದೆ. 1973ರಲ್ಲಿ ರೆನಾಲ್ಡ್ಸ್ ಕಂಪನಿಯ ಒಳಗಿನ ಟಿಪ್ಪಣಿಯೊಂದು ಇದನ್ನೇ ಲೆಕ್ಕ ಹಾಕಿ, ನಾವು ಹಿಂದೆ ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ತೋರಿಸಿತ್ತು. ಆಮೇಲೆ ಅವರೂ ಅಮೋನಿಯಾ ಹಾಕತೊಡಗಿದರು. 1998ರಲ್ಲಿ ಮಿನ್ನೆಸೋಟ ರಾಜ್ಯದ ಮೊಕದ್ದಮೆ ಮುಗಿದಾಗ ಇಂಥ ಕಾಗದಗಳೆಲ್ಲ ಹೊರಗೆ ಬಂದವು. ಈಗ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದವರು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ನಾನು ರಾತ್ರಿ ಕೂತು ಓದುತ್ತೇನೆ.

ಓದುವಾಗ ನನಗೆ ಅಜ್ಜಿಯ ಕೈ ಕಾಣಿಸಿತು. ಜಗಲಿ ಮೇಲೆ ಕೂತು, ಅಂಗೈಯಲ್ಲಿ ಹೊಗೆಸೊಪ್ಪು ಇಟ್ಟು, ಚೂರು ಸುಣ್ಣ ಹಚ್ಚಿ, ಹೆಬ್ಬೆರಳಲ್ಲಿ ತಿಕ್ಕಿ ತಿಕ್ಕಿ ಬಾಯಿಗೆ ಹಾಕುತ್ತಿದ್ದಳು. ಸುಣ್ಣ ಇಲ್ಲದ ದಿನ "ಹತ್ತೋದೇ ಇಲ್ಲ" ಅಂತ ಗೊಣಗುತ್ತಿದ್ದಳು. ಸುಣ್ಣವೂ ಕ್ಷಾರವೇ. ಇಷ್ಟು ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಕಂಡುಕೊಂಡದ್ದು ಅಜ್ಜಿಯ ಹೆಬ್ಬೆರಳಿಗೆ ಗೊತ್ತಿತ್ತು. ಕೊನೆಗೆ ಅವಳಿಗೆ ಬಾಯಿ ತೆರೆಯಲು ಆಗದೆ, ಅವ್ವ ಬಟ್ಟೆ ಅದ್ದಿ ಗಂಜಿ ಹಿಂಡುತ್ತಿದ್ದದ್ದು ಯಾರಿಗೂ ಮರೆತಿಲ್ಲ. ಅದಕ್ಕೇ ಈ ವಿಷಯ ನನಗೆ ಸುಮ್ನೆ ಓದಿ ಬಿಡುವಂಥದ್ದಲ್ಲ.

ಹೊಗೆ ಅಳೆಯುವ ಮಿಷನ್ನೂ ಇದೆ. ನಿಮಿಷಕ್ಕೊಂದು ಸಲ, ಎರಡು ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತದೆ. ಒಳಗಿನ ಬಿಳಿ ಪ್ಯಾಡು ನೋಡುತ್ತಿದ್ದ ಹಾಗೇ ಜೇನಿನ ಬಣ್ಣವಾಗಿ, ಆಮೇಲೆ ಕಂದಾಗುತ್ತದೆ. ಲೈಟ್ ಅಂತ ಮಾರಿದ ಸಿಗರೇಟುಗಳ ಫಿಲ್ಟರ್ ಸುತ್ತ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಗಾಳಿ ಬೆರೆತು ಮಿಷನ್ನಿಗೆ ಟಾರ್, ಅಂದರೆ ಹೊಗೆಯ ಅಂಟು ಕೊಳೆ, ಕಡಿಮೆ ಸಿಗುತ್ತದೆ. ಮನುಷ್ಯ ಸೇದುವಾಗ ಅವನ ಬೆರಳು, ತುಟಿ ಆ ತೂತುಗಳನ್ನೇ ಮುಚ್ಚುತ್ತವೆ, ಸಾಲದು ಅಂತ ಜೋರಾಗಿಯೂ ಎಳೆಯುತ್ತಾನೆ. ಮಾವ "ಇದು ಲೈಟು, ಏನೂ ಆಗಲ್ಲ" ಅನ್ನುತ್ತಾರಲ್ಲ, ಅವರಿಗೆ ಈ ಪುಟ ಓದಿ ಹೇಳಿ.

ಇನ್ನು ನಮ್ಮ ಸೊಪ್ಪು ಅದರಲ್ಲಿದೆಯಾ ಅನ್ನುವ ಪ್ರಶ್ನೆ. ಇದು ವರ್ಜೀನಿಯಾ ಅಂತ ಎಳೆ ಹೇಳುತ್ತದೆ, ಪಿರಿಯಾಪಟ್ಟಣದ್ದು ಅಂತ ಹೇಳುವುದಿಲ್ಲ. ನಮ್ಮ ಕಡೆಯ ಸೊಪ್ಪು ಹೊರದೇಶಕ್ಕೆ ಹೋಗುವುದು ಬಹುಪಾಲು ಫಿಲ್ಲರ್ ಆಗಿ. ಅಂದರೆ ಜಾಸ್ತಿ ಘಾಟಿಲ್ಲದ, ಯಾವುದರ ಜೊತೆಗೂ ಹೊಂದಿಕೊಳ್ಳುವ ಸೊಪ್ಪು. ಪಲ್ಯಕ್ಕೆ ಹಾಕುವ ಆಲೂಗಡ್ಡೆ ಇದ್ದ ಹಾಗೆ. ಬೆರಕೆ ಮಾಡುವವರಿಗೆ ಬೇಕಾದದ್ದು ಇಷ್ಟು ಸಕ್ಕರೆ, ಇಷ್ಟು ನಿಕೋಟಿನ್, ಈ ಬಣ್ಣ. ಅದು ಬ್ರೆಜಿಲ್‌ನಿಂದ ಬಂದರೂ ಸರಿ, ಜಿಂಬಾಬ್ವೆಯಿಂದ ಬಂದರೂ ಸರಿ, ಕಂಪಲಾಪುರದ ಹರಾಜು ಕಟ್ಟೆಯಿಂದ ಬಂದರೂ ಸರಿ. ಒಂದರ ಬದಲು ಇನ್ನೊಂದನ್ನು ಇಟ್ಟರೂ ಸೇದುವವನಿಗೆ ಗೊತ್ತಾಗಬಾರದು, ಅದನ್ನು ಅಳೆದು ಕೊಡುವುದೇ ನನ್ನ ಕೆಲಸ. ಅಪ್ಪಾಜಿ, ಆ "ಒಂದರ ಬದಲು ಇನ್ನೊಂದು" ಅನ್ನುವುದರಲ್ಲಿ ನಮ್ಮ ಸೊಪ್ಪೂ ಇದೆ. ಹರಾಜಿನಲ್ಲಿ ಒಂದು ವರ್ಷ ಸೊಪ್ಪಿನ ಮೂಟೆಗೆ ಒಳ್ಳೆ ರೇಟು ಬಂದು, ಮರುವರ್ಷ ಅದೇ ಬಣ್ಣದ ಸೊಪ್ಪನ್ನು ಕೇಳುವವರಿಲ್ಲದಾಗ, ಏನು ತಪ್ಪು ಮಾಡಿದೆವೋ ಅಂತ ನೀವು ರಾತ್ರಿಯಿಡೀ ಯೋಚಿಸುತ್ತಿದ್ದಿರಿ. ನಿಮ್ಮಿಂದ ಯಾವ ತಪ್ಪೂ ಆಗಿರಲಿಲ್ಲ.

ಅದಕ್ಕೇ ಕೈ ಮುಗಿದು ಕೇಳುತ್ತೇನೆ, ಎರಡನೇ ಬ್ಯಾರನ್‌ಗೆ ಸಾಲ ಮಾಡಬೇಡಿ. ಹೊಗೆಸೊಪ್ಪಿನ ದುಡ್ಡಲ್ಲೇ ನಾನು ಮೈಸೂರಿನಲ್ಲಿ ಓದಿದ್ದು. ಅದರ ಋಣ ಮರೆತು ಮಾತಾಡುತ್ತಿಲ್ಲ. ಶುಂಠಿ ರೇಟು ಬಿದ್ದು ಹೋಗುತ್ತದೆ, ಜೋಳಕ್ಕೆ ಬೆಲೆ ಇಲ್ಲ, ಹೊಗೆಸೊಪ್ಪಿಗಾದರೆ ಬೋರ್ಡು ಇದೆ, ಹರಾಜು ಇದೆ ಅಂತೀರಿ. ನಿಜ. ಇರುವ ಬ್ಯಾರನ್ ಇರಲಿ, ಈಗಲೇ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಸಾಲ ಅಂದರೆ ಹತ್ತು ವರ್ಷ ಇದಕ್ಕೇ ಕಟ್ಟಿಬಿದ್ದ ಹಾಗೆ. ಸೌದೆಗೇ ಎಷ್ಟು ಸುರಿಯುತ್ತೀರಿ, ಲೆಕ್ಕ ಹಾಕಿ. ಆ ದುಡ್ಡಿಗೆ ನಾನೂ ಸೇರಿಸುತ್ತೇನೆ, ಕೆರೆ ಕಡೆಯ ಎರಡು ಎಕರೆಗೆ ಬೋರು ಹಾಕಿಸೋಣ. ತೆಂಗೋ, ಬಾಳೆಯೋ, ನಾಲ್ಕು ಹಸುವೋ, ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದು.

ನಾನೂ ಇಲ್ಲಿ ಕೇಳಿಕೊಂಡಿದ್ದೇನೆ. ಇದೇ ಲ್ಯಾಬಿನಲ್ಲಿ ಕುಡಿಯುವ ನೀರು, ಹಾಲು ಪರೀಕ್ಷೆ ಮಾಡುವ ವಿಭಾಗವಿದೆ. ಜನವರಿಗೆ ಅಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಸಂಬಳ ಸ್ವಲ್ಪ ಕಡಿಮೆ, ಪರವಾಗಿಲ್ಲ. ಬೇರೆಯವರ ಸಿಗರೇಟಿನ ಥರ ಇನ್ನೊಂದು ಸಿಗರೇಟು ಮಾಡಲು ನನ್ನ ಕಣ್ಣು ಸಹಾಯ ಮಾಡುವುದು ಇನ್ನು ಸಾಕು ಅನ್ನಿಸಿದೆ.

ಅವ್ವ, ನಿನಗೊಂದು ಮಾತು. ಮಳೆ ಬಿದ್ದು ಸೊಪ್ಪು ಒದ್ದೆಯಿರುವಾಗ ಕೊಯ್ಯಬೇಡ. ಪ್ರತಿ ವರ್ಷ ಈ ಹೊತ್ತಿಗೆ ನಿನಗೆ ತಲೆಸುತ್ತು, ವಾಂತಿ ಬರುತ್ತದಲ್ಲ, ಅದು ಪಿತ್ತ ಅಲ್ಲ. ಒದ್ದೆ ಎಲೆಯ ನಿಕೋಟಿನ್ ಕೈಯ ಚರ್ಮದಿಂದ ಒಳಗೆ ಇಳಿಯುತ್ತದೆ. ಬಿಸಿಲು ಬಂದು ಎಲೆ ಒಣಗಿದ ಮೇಲೆ ಇಳಿ. ತೋಳು ತುಂಬ ಅಂಗಿ ಹಾಕು. ಹುಣಸೂರಿನಲ್ಲಿ ರಬ್ಬರಿನ ಕೈಗವಸು ಸಿಗುತ್ತದೆ, ಮೊಳಕೈವರೆಗೆ ಬರುವಂಥದ್ದು. ಹತ್ತು ಜೊತೆ ತರಲು ತಮ್ಮನಿಗೆ ದುಡ್ಡು ಹಾಕಿದ್ದೇನೆ. ಕೂಲಿಗೆ ಬರುವ ಹೆಂಗಸರಿಗೂ ಕೊಡು. ಬಸುರಿ ಹೆಣ್ಣುಮಕ್ಕಳನ್ನು ಸೊಪ್ಪು ಮುಟ್ಟಲು ಬಿಡಬೇಡ, ಬೇಕಾದರೆ ಮನೆ ಕೆಲಸ ಕೊಟ್ಟು ಕೂಲಿ ಕೊಡು.

ಬೋರಿನ ವಿಷಯ ಯೋಚನೆ ಮಾಡಿ, ಭಾನುವಾರ ಬೆಳಗ್ಗೆ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಬ್ಯಾಂಕಿಗೆ ಹೋಗಬೇಡಿ.

ನಿಮ್ಮ ಮಗಳು