ಅಂಚಿನಲ್ಲಿ ಬರೆದಿದ್ದೀಯಲ್ಲ, ಆ ಸಾಲು

ಪುಟ್ಟಿ,

ನಿನ್ನ ಕಾಗದ ಗುರುವಾರವೇ ಬಂತು. ಉತ್ತರ ಬರೆಯಲು ಕೂತು ಎರಡು ಸಲ ಹಾಳೆ ಹರಿದು ಹಾಕಿದೆ. ಎರಡರಲ್ಲೂ 'ಹಾಗೇನೂ ಇಲ್ಲ, ಸುಮ್ನೆ ಹೆದರಬೇಡ' ಎಂದೇ ಬರೆದಿದ್ದೆ.

ನಿನ್ನ ಮಗನ ಶೂ ಒಳಗೆ ಗಾಂಜಾ ಪೊಟ್ಟಣ ಸಿಕ್ಕಿದ್ದು, ಅವನ ಅಪ್ಪನ ಕೂಗಾಟ, ಅವನು ಬಾಗಿಲು ಹಾಕಿಕೊಂಡು ಕೂತದ್ದು, ಎಲ್ಲ ಓದಿದೆ. ಆದರೆ ಕೊನೆಗೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ 'ದೊಡ್ಡಪ್ಪ, ಇದು ನಮ್ಮ ರಕ್ತದಲ್ಲೇ ಇದೆಯಾ' ಅಂತ ಕೇಳಿದ್ದೀಯಲ್ಲ, ಅಲ್ಲಿಂದ ನನಗೆ ನಿದ್ದೆ ಇಲ್ಲ.

ನಿನ್ನ ಅಪ್ಪನ ಕತೆ ನಿನಗೆ ನಾನು ಹೇಳಬೇಕಾಗಿಲ್ಲ. ಕಂಡೇ ಬೆಳೆದವಳು ನೀನು. ನೀನು ಹುಟ್ಟುವ ಮೊದಲಿನ ಒಂದೆರಡು ಸಂಗತಿ ಮಾತ್ರ ನನ್ನ ಹತ್ತಿರವೇ ಉಳಿದುಬಿಟ್ಟಿವೆ.

ಅವನಿಗೂ ಆಗ ಹದಿನಾರೇ. ಕಾಫಿ ಕುಯ್ಲಿನ ಸಮಯ. ಗೋದಾಮಿನಲ್ಲಿ ಚೀಲಗಳ ಹಿಂದೆ ಕೂತು ಬೀಡಿ ಸೇದುತ್ತಿದ್ದ. ವಾಸನೆ ಬೀಡಿಯದ್ದಲ್ಲ. ಕಣಕ್ಕೆ ಎಳೆದು ತಂದು, ಕಾಫಿ ಹರಡುತ್ತಿದ್ದ ಆಳುಗಳ ಮುಂದೆಯೇ ಬೆತ್ತ ಮುರಿಯುವ ಹಾಗೆ ಹೊಡೆದೆ. ಅವತ್ತಿನಿಂದ ಬಿಟ್ಟ ಅಂದುಕೊಂಡೆ. ನನ್ನ ಕಣ್ಣ ಮುಂದೆ ಬಿಟ್ಟಿದ್ದ, ಅಷ್ಟೆ. ಅದೇ ರಾತ್ರಿ ನಾನು ಎರಡು ಪೆಗ್ ಬ್ರಾಂದಿ ಹಾಕಿ ಮಲಗಿದ್ದೆ. ನಮ್ಮ ಕೊಡಗಿನಲ್ಲಿ ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಕೆಲವು ವರ್ಷ ಕಳೆದು, ಮೆಣಸು ಕುಯ್ದು ಏಣಿ ಹೊತ್ತು ಬರುವಾಗ ಒಮ್ಮೆ ನಿಂತ. 'ಅಣ್ಣ, ತೋಟದೊಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಾರೆ. ನಿನಗೆ ಕೇಳಿಸಲ್ವಾ?' ಅಂದ. ನಾನು ನಕ್ಕುಬಿಟ್ಟೆ ಪುಟ್ಟಿ. ಆಮೇಲೆ ಅವನು ಅದನ್ನು ನನ್ನ ಹತ್ತಿರ ಎತ್ತಲೇ ಇಲ್ಲ.

1986ರಲ್ಲಿ ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ನೀನು ತೊಟ್ಟಿಲಲ್ಲಿದ್ದೆ. ಡಾಕ್ಟರು ಎರಡು ಪ್ರಶ್ನೆ ಕೇಳಿದರು. ಗಾಂಜಾ ಅಭ್ಯಾಸ ಇದೆಯಾ? ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ? ಎರಡಕ್ಕೂ ಇಲ್ಲ ಅಂದೆ. ನನ್ನ ತಂಗಿಗೆ ಗಂಡು ನೋಡುತ್ತಿದ್ದ ಕಾಲ. ಊರಿನವರೊಬ್ಬರು ಜೊತೆಗೇ ಬಂದಿದ್ದರು.

ಆಗಿತ್ತು ಪುಟ್ಟಿ. ನಮ್ಮ ಸೋದರತ್ತೆಗೆ. ದೆವ್ವ ಹಿಡಿದಿದೆ ಅಂತ ಹಿಂದಿನ ಕೋಣೆಯಲ್ಲಿ ಕೂಡಿ ಹಾಕಿದ್ದರು. ಅವರು ಗಾಂಜಾ ಮುಟ್ಟಿದವರಲ್ಲ. ನಾನು ಆ ಬಾಗಿಲ ಸಂದಿಯಿಂದ ರೊಟ್ಟಿ ಕೊಡುತ್ತಿದ್ದೆ. ಇದನ್ನು ನಿನ್ನ ಅಮ್ಮನಿಗೂ ನಾವು ಹೇಳಿರಲಿಲ್ಲ. ಹೇಳಿದ್ದರೆ ಅವಳ ಮನೆಯವರು ಹೆಣ್ಣು ಕೊಡುತ್ತಿದ್ದರಾ, ಗೊತ್ತಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ 'ಇಲ್ಲ' ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಬಿ.ಪಿ. ಮಾತ್ರೆಗೆ ಹೋದಾಗ ಡಾಕ್ಟರನ್ನು ಕೇಳಿದೆ, ಪರಿಚಯದವರ ಮಗ ಅಂತ ಹೇಳಿ. ನೋಡು, ಈ ವಯಸ್ಸಿನಲ್ಲೂ ಸುಳ್ಳು. ಅವರು ಹೇಳಿದ್ದು ಇಷ್ಟು. ಸೇದಿದವರಿಗೆಲ್ಲ ತಲೆ ಕೆಡುವುದಿಲ್ಲ. ಆದರೆ ಮನೆಯಲ್ಲಿ ಆ ಕಾಯಿಲೆ ಇದ್ದರೆ ಅಂಥ ಮಕ್ಕಳಿಗೆ ಅಪಾಯ ಜಾಸ್ತಿ. ಎಳೆ ವಯಸ್ಸಲ್ಲಿ ಶುರುವಾದರೆ, ದಿನಾ ಸೇದಿದರೆ, ಇನ್ನೂ ಜಾಸ್ತಿ. ಸುಮಾರು 25 ವರ್ಷದವರೆಗೂ ಮಿದುಳು ಬಲಿಯುತ್ತಲೇ ಇರುತ್ತದಂತೆ. ಹಾಗಂತ ಅಜ್ಜನಿಗೆ ಬಂದದ್ದು ಮೊಮ್ಮಗನಿಗೆ ಬಂದೇ ಬರಬೇಕು ಅಂತಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ ಅಂದರು. ಈ ಕೊನೆಯ ಮಾತನ್ನು ನಾನು ಬಸ್ಸಿನಲ್ಲಿ ಮನೆಯವರೆಗೂ ಹೇಳಿಕೊಳ್ಳುತ್ತಾ ಬಂದೆ.

ನನಗೆ ತಿಳಿಯುವುದು ಗಿಡದ ಭಾಷೆ. ಅರೇಬಿಕಾ ಕಾಫಿಗೆ ಕಾಂಡ ಕೊರೆಯುವ ಬೋರರ್ ಹುಳ ಬೀಳುತ್ತದೆ, ರೋಬಸ್ಟಾಕ್ಕೆ ಅಷ್ಟಿಲ್ಲ. ಹಾಗಂತ ಅರೇಬಿಕಾ ಕಿತ್ತು ಹಾಕಿದೆವಾ? ಮರ ಕಡಿದು ಬಿಸಿಲು ಬಿಟ್ಟ ಕಡೆ ಹುಳ ಜಾಸ್ತಿ ಅಂತ ಗೊತ್ತು, ನೆರಳು ಕಾಯುತ್ತೇವೆ. ಮಗುವಿಗೆ ಗಿಡದ ಹೋಲಿಕೆ ಸರಿಯೋ ಏನೋ.

ಅವನ ಅಪ್ಪ ಸ್ಟೇಷನ್ನಿಗೆ ಒಪ್ಪಿಸಿ ಬುದ್ಧಿ ಕಲಿಸುತ್ತೇನೆ ಅನ್ನುತ್ತಿದ್ದಾನಂತೆ. ಹದಿನಾರರ ಹುಡುಗ, ಅಷ್ಟು ಚೂರು ಗಾಂಜಾ. ಕೇಸಾದರೂ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. 1985ರ ಮಾದಕವಸ್ತು ಕಾನೂನಿನಲ್ಲೇ, ಅಲ್ಪ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ಬಿಡುವ ಒಂದು ಸೆಕ್ಷನ್ ಇದೆ, 64ಎ. ಸರ್ಕಾರಕ್ಕೇ ಅಷ್ಟು ತಾಳ್ಮೆ ಇರುವಾಗ ಅಪ್ಪನಿಗೆ ಇರಬಾರದಾ? ಇದನ್ನು ನಾನು ಹೇಳಿದೆ ಅಂತ ಹೇಳಬೇಡ. ಅಳಿಯಂದಿರಿಗೆ ಬೇಜಾರಾಗುತ್ತದೆ.

ರಾತ್ರಿ ಎದ್ದು ಅವನ ಬ್ಯಾಗು ತಡಕುತ್ತೇನೆ ಅಂದಿದ್ದೀಯ. ಬೇಡ ಅನ್ನಲು ನಾನ್ಯಾರು, ನಾನು ಮಾಡಿದ್ದಕ್ಕಿಂತ ಅದು ವಾಸಿ. ಆದರೆ ಬ್ಯಾಗಿಗಿಂತ ಅವನ ಮಾತಿನ ಕಡೆ ಕಿವಿ ಇರಲಿ. ನಿದ್ದೆ ಬಿಟ್ಟರೆ, ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಅಂತ ಶುರು ಮಾಡಿದರೆ, ಯಾರೋ ಕರೆಯುತ್ತಾರೆ ಅಂದರೆ, ನಗಬೇಡ. ಅವತ್ತೇ ಹೊರಡು. ರಾತ್ರಿಯಾಗಿದ್ದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಜ್ಜನ ವಿಷಯ ಅವನಿಗೆ ಹೇಳಿದ್ದೀಯಾ? 'ಎದೆ ನೋವಿನಿಂದ ಹೋದರು' ಅಂತಲೇ ಬಿಟ್ಟಿದ್ದೀಯಾ? ಗಾಂಜಾ ಯಾಕೆ ಅವನ ಗೆಳೆಯರಿಗಿಂತ ಅವನಿಗೆ ಜಾಸ್ತಿ ಅಪಾಯ ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ? ನೀನು ಹೇಳಲಾರೆ ಅಂದರೆ ನಾನು ಹೇಳುತ್ತೇನೆ. ತಪ್ಪು ತಿಳಿಯಬೇಡ.

ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರು ಸಿಗುತ್ತಾರೆ. ಬುಧವಾರ ಅವನನ್ನು ಕರೆದುಕೊಂಡು ಬಾ. ಬೈದು ಎಳೆದು ತರಬೇಡ, ದೊಡ್ಡಜ್ಜ ಕಾಯುತ್ತಾರೆ ಅನ್ನು. ನಾನು ಸೋಮವಾರಪೇಟೆಯಿಂದ ಮೊದಲ ಬಸ್ಸಿಗೆ ಬಂದು ಗೇಟಿನ ಹತ್ತಿರ ನಿಂತಿರುತ್ತೇನೆ. ಆ ಎರಡನೇ ಪ್ರಶ್ನೆ ಅವರು ಕೇಳಿಯೇ ಕೇಳುತ್ತಾರೆ. ಈ ಸಲ ಉತ್ತರ ನಾನೇ ಕೊಡಬೇಕು.

ಸೋದರತ್ತೆಯ ಹೆಸರು ನೀನು ಕೇಳಿಯೇ ಇಲ್ಲ, ಅಲ್ವಾ? ಬಂದಾಗ ಹೇಳುತ್ತೇನೆ.

ನಿನ್ನ
ದೊಡ್ಡಪ್ಪ